ಅಪ್ಪನ ಮಾತು ಕಮತಗಿಯಲ್ಲಿ ಸಿಕ್ಕಿಕೊಂಡಿದೆ

ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕುವುದಿಲ್ಲ. ಮಿಕ್ಕ ಓದುಗರಿಗಾಗಿ ನಿಮ್ಮ ಪತ್ರವನ್ನು ನಾಲ್ಕು ಸಾಲಿನಲ್ಲಿ ಹೇಳಿಬಿಡುತ್ತೇನೆ. ತವರು ಗುಳೇದಗುಡ್ಡ. ಅಪ್ಪ ಖಣ, ಅಂದರೆ ರವಿಕೆ ಬಟ್ಟೆ, ನೇಯುವವರು. ನೀವು ಚಿಕ್ಕವರಿದ್ದಾಗಲೇ ಕಮತಗಿಯಲ್ಲಿರುವ ತಂಗಿಗೆ, ಅಂದರೆ ನಿಮ್ಮ ಸೋದರತ್ತೆಗೆ, ‘ನನ್ನ ಮಗಳು ನಿನ್ನ ಮನೀಗೇ’ ಎಂದು ಮಾತು ಕೊಟ್ಟಿದ್ದರು. ಆರು ವರ್ಷದ ಹಿಂದೆ, ನಿಶ್ಚಯಕ್ಕೆ ದಿನ ಗೊತ್ತಾದ ಮೇಲೆ, ನೀವು ಒಲ್ಲೆ ಎಂದಿರಿ. ಎರಡು ವರ್ಷ ಬಿಟ್ಟು ನಿಮಗೆ ಮನಸ್ಸಾದವರನ್ನು ಮದುವೆಯಾಗಿ ಬೆಳಗಾವಿಗೆ ಬಂದಿರಿ. ಅಪ್ಪ ಬಂದು ಅಕ್ಕಿಕಾಳು ಹಾಕಿದರು, ಊಟ ಮಾಡದೆ ಹೋದರು. ಆಮೇಲೆ ನಿಮ್ಮ ಜೊತೆ ನೇರ ಮಾತಿಲ್ಲ. ‘ಕಾಲು ಹಿಡಿ, ತಪ್ಪಾತು ಅನ್ನು’ ಅಂತ ಅವ್ವ ಹೇಳುತ್ತಾರೆ. ಹಿಡಿಯಲೇ ಎಂದು ಕೇಳಿದ್ದೀರಿ.

ಬೇಡ. ಹಬ್ಬಕ್ಕೆ ಹೋದಾಗ ಕಾಲು ಮುಟ್ಟಿ ನಮಸ್ಕಾರ ಮಾಡುತ್ತೀರಲ್ಲ, ಅದು ಸಾಕು. ಮಾಡದ ತಪ್ಪನ್ನು ಒಪ್ಪಿಕೊಂಡರೆ ಆ ದಿನ ಮನೆಯಲ್ಲಿ ಹೋಳಿಗೆ ಆದೀತು, ಆದರೆ ನಿಮಗೆ ಅದು ಗಂಟಲಲ್ಲಿ ಇಳಿಯುವುದಿಲ್ಲ. ಕೇಳದೆ ಮಾತು ಕೊಟ್ಟವರು ಅವರು. ಇದನ್ನು ಅವರ ಎದುರು ಹೇಳಬೇಕಿಲ್ಲ, ನೀವು ಮರೆಯದಿದ್ದರೆ ಆಯಿತು.

ಕಾನೂನಿನ ವಿಷಯವನ್ನೂ ಕೇಳಿದ್ದೀರಿ. 1955ರ ಹಿಂದೂ ವಿವಾಹ ಕಾಯ್ದೆ ಅಣ್ಣ-ತಂಗಿಯ ಮಕ್ಕಳನ್ನು ಮದುವೆಯಾಗಬಾರದವರ ಸಾಲಿನಲ್ಲೇ ಇಟ್ಟಿದೆ. ಪದ್ಧತಿ ಇದ್ದಲ್ಲಿ ಮಾತ್ರ ವಿನಾಯಿತಿ. ನಮ್ಮ ಕಡೆ ಪದ್ಧತಿ ಇದೆ, ಸರಿ. ಆದರೆ ಪದ್ಧತಿ ಇದೆ ಅಂದರೆ ಮಾಡಬಹುದು ಅಂತಷ್ಟೇ. ಮಾಡಲೇಬೇಕು ಅಂತ ಯಾರೂ ಬರೆದಿಲ್ಲ.

ಇನ್ನು ಇಷ್ಟಪಟ್ಟು ಮದುವೆಯಾದದ್ದು. ನಿಮ್ಮ ಈಗಿನ ಜಿಲ್ಲೆಯದೇ ಒಂದು ಪ್ರಕರಣ ಇದೆ. ಮಗಳು ಕಾಣೆಯಾಗಿದ್ದಾಳೆ ಎಂದು ತಂದೆ ಮುರಗೋಡ ಠಾಣೆಗೆ ದೂರು ಕೊಟ್ಟರು. ಮಗಳು ಮದುವೆಯಾಗಿದ್ದಳು. ಠಾಣೆಗೆ ಬಂದು ಹೇಳಿಕೆ ಕೊಡು ಎಂದು ಪೊಲೀಸರು ಅವಳನ್ನೇ ಒತ್ತಾಯಿಸಿದರು. ಅದು ಸುಪ್ರೀಂ ಕೋರ್ಟಿನವರೆಗೂ ಹೋಯಿತು. ವಯಸ್ಸಿಗೆ ಬಂದ ಇಬ್ಬರು ಒಪ್ಪಿದರೆ ಮನೆಯವರ, ಜಾತಿಯವರ ಒಪ್ಪಿಗೆ ಬೇಕಿಲ್ಲ ಎಂದು 2021ರ ಫೆಬ್ರವರಿಯಲ್ಲಿ ತೀರ್ಪು ಬಂತು. ನನಗೆ ನೆನಪಿರುವುದು ಅದರ ಇನ್ನೊಂದು ಮಾತು. ಹುಡುಗಿಯ ತಂದೆ-ತಾಯಿ ಮದುವೆ ಒಪ್ಪಿಕೊಂಡು ಮಗಳು-ಅಳಿಯನ ಜೊತೆ ಮತ್ತೆ ಒಡನಾಡಲಿ ಎಂದು ನ್ಯಾಯಮೂರ್ತಿಗಳು ಆಶಿಸಿದರು. ಪೊಲೀಸರಿಗೆ ಆದೇಶ ಕೊಟ್ಟವರು ಅಪ್ಪನ ವಿಷಯಕ್ಕೆ ಬಂದಾಗ ಬರೀ ಆಸೆಪಟ್ಟರು. ಮಾತಾಡು ಅಂತ ಯಾವ ಕೋರ್ಟು ತಾನೇ ಹೇಳೀತು?

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನೀವು ದೂರಿನಂತೆ ಬರೆದ ಒಂದು ಸಾಲು ನನಗೆ ದೂರಿನಂತೆ ಕಾಣಲಿಲ್ಲ. ಹೊರಡುವ ದಿನ ಅಪ್ಪ ಮಗ್ಗದ ಕುಣಿಯಿಂದ ಮೇಲೇಳುವುದಿಲ್ಲ, ಅಲ್ಲಿಂದಲೇ ಅವ್ವನಿಗೆ ಕೂಗುತ್ತಾರೆ: ‘ನಿನ್ನ ಮಗಳಿಗೆ ಹೇಳು, ಬಸ್ಸಿಗೆ ಹೊತ್ತಾಗ್ತೈತಿ.’ ಬೆಳಗಾವಿ ಬಸ್ಸಿನ ಹೊತ್ತು ಅವರಿಗೆ ಬಾಯಿಪಾಠ, ಅಲ್ವಾ?

ಇನ್ನೊಂದು ಸಾಲನ್ನು ಕೊನೆಗೆ, ಸಹಿ ಹಾಕುವ ಮುಂಚೆ, ಸುಮ್ನೆ ಸೇರಿಸಿದ್ದೀರಿ. ‘ಅತ್ತೆ ಆರು ವರ್ಷದಿಂದ ಪಂಚಮಿಗೆ ಬಂದಿಲ್ಲ.’ ನನಗೆ ಇಡೀ ಪತ್ರ ಇಲ್ಲೇ ಇದೆ ಅನಿಸಿತು. ಶ್ರಾವಣದಲ್ಲಿ ಅಣ್ಣ ಹೋಗಿ ತಂಗಿಯನ್ನು ಕರೆತರಬೇಕು. ಶೇಂಗಾ ಉಂಡಿ, ಎಳ್ಳುಂಡಿ ಕಟ್ಟಬೇಕು, ಜೋಕಾಲಿ ಹಾಕಬೇಕು, ಹೋಗುವಾಗ ಉಡಿ ತುಂಬಿ ಖಣ ಕೊಡಬೇಕು. ನಮ್ಮ ಕಡೆ ಬಡವ ಅಣ್ಣನೂ ಇದನ್ನು ತಪ್ಪಿಸುವುದಿಲ್ಲ. ಊರಿನ ಹೆಣ್ಣುಮಕ್ಕಳಿಗೆಲ್ಲ ಖಣ ನೇಯುವ ಮನುಷ್ಯ ಆರು ವರ್ಷದಿಂದ ಸ್ವಂತ ತಂಗಿಗೆ ಒಂದು ಖಣ ಕೊಟ್ಟಿಲ್ಲ. ಕೊಡಲು ಯಾವ ಮುಖ ಇಟ್ಟುಕೊಂಡು ಹೋಗಬೇಕು? ನಿಮ್ಮ ಮೇಲಿನ ಸಿಟ್ಟು ಸುಳ್ಳಲ್ಲ. ಆದರೆ ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ತಂಗಿಯ ಎದುರು ನಿಲ್ಲಲಾಗದ ನಾಚಿಕೆ ಇರಬೇಕು. ಅದನ್ನು ಅವರು ಬಾಯಿಬಿಟ್ಟು ಹೇಳುವುದಿಲ್ಲ. ಆ ವಯಸ್ಸಿನ ಗಂಡಸರಿಗೆ ಸಿಟ್ಟು ಮಾಡಲು ಬರುತ್ತದೆ, ನಾಚಿಕೆ ಹೇಳಿಕೊಳ್ಳಲು ಬರುವುದಿಲ್ಲ. (ನನಗೂ ಬರುವುದಿಲ್ಲ, ಮನೆಯಲ್ಲಿ ಕೇಳಿದರೆ ಹೇಳುತ್ತಾರೆ.)

ಹಾಗಾಗಿ ನನ್ನ ಸಲಹೆ ಸ್ವಲ್ಪ ಬೇರೆ. ಗುಳೇದಗುಡ್ಡಕ್ಕೆ ಹೋಗುವ ಮುಂಚೆ ಕಮತಗಿಗೆ ಹೋಗಿ. ಅತ್ತೆಯ ಮಗನಿಗೆ ಮದುವೆಯಾಗಿ ಮಗುವಿದೆ ಎಂದು ಬರೆದಿದ್ದೀರಿ, ಅಂದರೆ ಅವನ ಬದುಕು ಎಲ್ಲೂ ನಿಂತಿಲ್ಲ. ನಿಂತದ್ದು ಅಣ್ಣ-ತಂಗಿಯ ನಡುವೆ. ಅಲ್ಲಿ ಹೋಗಿ ಹಳೇ ಲೆಕ್ಕ ತೆಗೆಯಬೇಡಿ. ‘ಅತ್ತಿ, ಒಲ್ಲೆ ಅಂದಾಕಿ ನಾನು. ಅಪ್ಪಂದೇನೂ ಇಲ್ಲ’ ಅನ್ನಿ. ಬೈದರೆ ಬೈಸಿಕೊಳ್ಳಿ. ಬಾಗಿಲಲ್ಲೇ ನಿಲ್ಲಿಸಿದರೆ ನೀರು ಕೇಳಿ ಕುಡಿದು ಬನ್ನಿ. ನೀರು ಕೇಳಿದವರಿಗೆ ನಮ್ಮ ಊರುಗಳಲ್ಲಿ ಬೆಲ್ಲ ಇಡದೆ ಕೊಡುವುದು ಕಷ್ಟ.

ಗಂಡನನ್ನು ಈ ಸಲ ಕರೆದೊಯ್ಯಬೇಡಿ. ಅಪ್ಪನಿಗೆ ಮೊದಲೇ ಫೋನ್ ಮಾಡಿ ಹೇಳುವುದೂ ಬೇಡ. ಬೇಡ ಅಂದುಬಿಟ್ಟರೆ ಆಮೇಲೆ ಹೋಗಲಾಗದು. ಕಮತಗಿಯಲ್ಲಿ ನಡೆದ ಸುದ್ದಿ ಸಂಜೆಯೊಳಗೆ ಅವರ ಮಗ್ಗದ ತನಕ ತಾನೇ ಹೋಗುತ್ತದೆ.

ಬರಿಗೈಲಿ ಹೋಗಬೇಡಿ. ಬೆಳಗಾವಿಯಿಂದ ಕುಂದಾ ಒಯ್ಯಿರಿ, ಮಗುವಿಗೆ ಒಂದು ಅಂಗಿ. ಖಣ ಮಾತ್ರ ಒಯ್ಯಬೇಡಿ. ಅದನ್ನು ನಿಮ್ಮಪ್ಪ ಒಯ್ಯಬೇಕು.