ಒಳಕ್ಕೆ ಬಾಗಿದ ಅಂಚಿನ ಬ್ರಾಡ್‌ಹೆಡ್ ಮಸೆಯುವುದು ಹೇಗೆ? ನಡುಭಾಗ ಮೊಂಡಾಗಿಯೇ ಉಳಿಯುತ್ತಿದೆ

ನೀವು ಬರೆದದ್ದು ಇಷ್ಟು: ಮಿಷಿಗನ್‌ನಲ್ಲಿದ್ದೀರಿ, ರಿಕರ್ವ್ ಬಿಲ್ಲಿಗೆಂದು ಎರಡಲಗಿನ ಕಾರ್ಬನ್ ಉಕ್ಕಿನ ಬ್ರಾಡ್‌ಹೆಡ್ (ಬೇಟೆ ಬಾಣದ ತುದಿಗೆ ಕೂರಿಸುವ ಅಲಗಿನ ಮೊನೆ) ಕೊಂಡಿದ್ದೀರಿ, ಅದರ ಅಂಚು ಕುಡುಗೋಲಿನ ಹಾಗೆ ಒಳಕ್ಕೆ ಬಾಗಿದೆ, ಅಡುಗೆಮನೆಯ ಚಪ್ಪಟೆ ಕಲ್ಲಿನ ಮೇಲೆ ಎಷ್ಟು ಮಸೆದರೂ ನಡುಭಾಗ ಕಾಗದವನ್ನೂ ಕೊಯ್ಯುತ್ತಿಲ್ಲ.

ಕಲ್ಲು ಅಲ್ಲಿಗೆ ಮುಟ್ಟುತ್ತಲೇ ಇಲ್ಲ, ಅಷ್ಟೇ. ಕಪ್ಪು ಮಾರ್ಕರ್‌ನಿಂದ ಅಂಚಿನ ಇಳಿಜಾರಿಗೆ (ಮಸೆದ ಓರೆ ಮೈಗೆ) ಪೂರ್ತಿ ಬಣ್ಣ ಬಳಿದು ಕಲ್ಲಿನ ಮೇಲೆ ನಾಲ್ಕು ಸಲ ಎಳೆದು ನೋಡಿ. ಮೊನೆಯ ಹತ್ತಿರ ಮತ್ತು ಹಿಂದಿನ ಮೂಲೆಯಲ್ಲಿ ಬಣ್ಣ ಹೋಗಿರುತ್ತದೆ, ನಡುವೆ ಹಾಗೇ ಇರುತ್ತದೆ. ಹಟ ಹಿಡಿದು ಇನ್ನೂ ಮಸೆದರೆ ಹಿಂದಿನ ಮೂಲೆ ಸವೆಯುತ್ತದೆ. ಬ್ರಾಡ್‌ಹೆಡ್‌ನ ಅಗಲ ಅಳೆಯುವುದೇ ಅಲ್ಲಿ. ಮಿಷಿಗನ್‌ನಲ್ಲಿ ಜಿಂಕೆಗೆ 7/8 ಇಂಚಿಗಿಂತ ಕಿರಿದಾದದ್ದು ನಡೆಯುವುದಿಲ್ಲ. ಹಾಗಾಗಿ ಇದುವರೆಗೆ ಎಷ್ಟು ಸವೆದಿದೆ ಎಂದು ಮೊದಲು ಕ್ಯಾಲಿಪರ್ ಹಿಡಿದು ನೋಡಿಬಿಡಿ.

ಬೇಕಾದದ್ದು ದುಂಡನೆಯ ಸಾಧನ. ಸಣ್ಣ ದುಂಡು ಅರ ಸಾಕು ಎಂದು ಹಲವರು ಚೈನ್‌ಸಾದ ಅರ ಹಿಡಿಯುತ್ತಾರೆ. ಅದು 3/16 ಅಥವಾ 7/32 ಇಂಚಿನದು, ತೀರಾ ಸಣ್ಣ. ಒಂದೇ ಜಾಗದಲ್ಲಿ ಎರಡು ಸಲ ಹೆಚ್ಚಿಗೆ ಉಜ್ಜಿದರೂ ಅಲ್ಲೊಂದು ಗುಳಿ ಬೀಳುತ್ತದೆ, ಅಂಚೆಲ್ಲ ಅಲೆ ಅಲೆಯಾಗುತ್ತದೆ. ಸಾಧನ ದಪ್ಪವಾದಷ್ಟೂ ಅಂಚು ನಯ. ಒರಟು ಕೆಲಸಕ್ಕೆ 8 ಇಂಚಿನ ಅರೆದುಂಡು ಅರದ ಉಬ್ಬಿದ ಮೈ ಬಳಸಿ. ಮುಂದಿನದಕ್ಕೆ ಒಂದೂವರೆ ಇಂಚು ದಪ್ಪದ ಮರದ ಕೋಲು ಅಥವಾ ಪಿವಿಸಿ ಪೈಪಿನ ತುಂಡಿಗೆ ನೀರು ಹಾಕಿ ಉಜ್ಜುವ ಎಮರಿ ಕಾಗದವನ್ನು ಬಿಗಿಯಾಗಿ ಸುತ್ತಿ ಅಂಟಿಸಿ. 220, 400, 600, 1000 ನಂಬರಿನ ಕಾಗದದಲ್ಲಿ ಹೀಗೆ ನಾಲ್ಕು ತುಂಡು ಮಾಡಿಟ್ಟುಕೊಂಡರೆ ಆಯಿತು. ಐದನೆಯದಕ್ಕೆ ಚರ್ಮ ಸುತ್ತಿ, ಅದಕ್ಕೆ ಹಸಿರು ಕ್ರೋಮಿಯಂ ಆಕ್ಸೈಡ್ ಪಾಲಿಶ್ ಸವರಿ. ಅರ ಕಚ್ಚದೆ ಜಾರಿದರೆ ನಿಮ್ಮ ಉಕ್ಕು ಅರಕ್ಕೆ ಬಗ್ಗದಷ್ಟು ಗಟ್ಟಿ ಎಂದರ್ಥ. ಆಗ ಒತ್ತಿ ಅರವನ್ನು ಹಾಳುಮಾಡುವ ಬದಲು ಡೈಮಂಡ್ ಅರ ತನ್ನಿ.

ಇನ್ನು ಹಿಡಿತ. ಬೆರಳಲ್ಲಿ ಹಿಡಿದು ಮಸೆಯಬೇಡಿ. ಕೋನವೂ ನಿಲ್ಲದು, ಬೆರಳೂ ಉಳಿಯದು. ಒಂದು ಮರದ ದಿಮ್ಮಿಯಲ್ಲಿ, ಬಾಣದ ತುದಿ ಕೂರುವ ನಡುಗೊಳವೆ ಇಳಿಯುವಷ್ಟು ತೋಡು ತೆಗೆಯಿರಿ. ಆಗ ಅಲಗು ದಿಮ್ಮಿಯ ಮೇಲೆ ಚಪ್ಪಟೆಯಾಗಿ ಕೂರುತ್ತದೆ. ಅಂಚು ದಿಮ್ಮಿಯಿಂದ ಹೊರಗೆ 3 ಮಿ.ಮೀ. ಚಾಚಿರಲಿ. ಅಂಚು ಬಾಗಿರುವುದರಿಂದ ದಿಮ್ಮಿಯ ಬದಿಯನ್ನೂ ಅದೇ ಬಾಗಿಗೆ ಗರಗಸದಲ್ಲಿ ಕೊಯ್ದರೆ ಒಳ್ಳೆಯದು, ಇಲ್ಲದಿದ್ದರೆ ನಡುವೆ ಅರ ಮರಕ್ಕೆ ತಾಗುತ್ತದೆ. ಇನ್ನೊಂದು ರೆಕ್ಕೆಯ (ಗೊಳವೆಯ ಆಚೆ ಬದಿಯ ಅಲಗಿನ) ಮೇಲೆ ಸಿ-ಕ್ಲಾಂಪ್ ಬಿಗಿದು, ದಿಮ್ಮಿಯನ್ನು ವೈಸ್‌ಗೆ ಕೊಡಿ. ತೊಗಲಿನ ಗ್ಲೌಸ್ ಹಾಕಿಕೊಳ್ಳಿ.

ಕೋನ ಪ್ರತಿ ಬದಿಗೆ 20 ರಿಂದ 25 ಡಿಗ್ರಿ. ಅಳೆಯಲು ಉಪಕರಣ ಬೇಕಿಲ್ಲ, ಇಳಿಜಾರಿನ ಅಗಲ ನೋಡಿದರೆ ಸಾಕು. ಅಲಗು 1.2 ಮಿ.ಮೀ. ದಪ್ಪವಿದ್ದು ಎರಡೂ ಬದಿ ಮಸೆಯುವಂಥದ್ದಾದರೆ, 20 ಡಿಗ್ರಿಗೆ ಇಳಿಜಾರು ಸುಮಾರು 1.75 ಮಿ.ಮೀ. ಅಗಲ ಬರುತ್ತದೆ, 25 ಡಿಗ್ರಿಗೆ 1.4. ಒಂದೇ ಬದಿ ಮಸೆಯುವ ಸಿಂಗಲ್ ಬೆವೆಲ್ ಆದರೆ 25 ಡಿಗ್ರಿಗೆ 2.8. ಮೊನೆಯಿಂದ ಹಿಂದಿನ ಮೂಲೆಯವರೆಗೆ ಈ ಪಟ್ಟಿ ಒಂದೇ ಅಗಲ ಇರಬೇಕು. ಎಲ್ಲಿ ಅಗಲವಾಯಿತೋ ಅಲ್ಲಿ ಕೈ ತಗ್ಗಿದೆ, ಎಲ್ಲಿ ಕಿರಿದಾಯಿತೋ ಅಲ್ಲಿ ಎದ್ದಿದೆ. ಬಾಗಿದ ಅಂಚಿನಲ್ಲಿ ಎಲ್ಲರ ಕೈ ತಪ್ಪುವುದೂ ಇಲ್ಲೇ: ಬಾಗು ಹಿಂಬಾಲಿಸಲು ಹೋಗಿ ಮಣಿಕಟ್ಟನ್ನೂ ಏಳಿಸಿಬಿಡುತ್ತಾರೆ. ಅರ ಅಂಚಿನುದ್ದಕ್ಕೂ ಪಕ್ಕಕ್ಕೆ ಸರಿಯಬೇಕು, ಮೇಲೆ ಕೆಳಗೆ ಆಗಬಾರದು. ಇನ್ನೊಂದು ಮೋಸವಿದೆ. ನಡುಗೊಳವೆ ಹಿಂದೆ ದಪ್ಪ, ಮುಂದೆ ಸಣ್ಣ. ಅರದ ಒಳತುದಿ ಅದಕ್ಕೆ ತಾಗಿ ಒರಗಿದರೆ ಹಿಂಭಾಗದಲ್ಲಿ ಕೋನ ತಾನಾಗಿ ಹೆಚ್ಚುತ್ತದೆ, ನಿಮಗೆ ಗೊತ್ತೇ ಆಗುವುದಿಲ್ಲ. ಅರ ಗೊಳವೆಗೆ ತಾಗದಂತೆ ಹಿಡಿಯಿರಿ.

ಅರವನ್ನು ಅಂಚಿಗೆ ಅಡ್ಡವಾಗಿ, ಸ್ವಲ್ಪ ಓರೆಯಾಗಿ ಇಟ್ಟು, ಗೊಳವೆಯ ಕಡೆಯಿಂದ ಅಂಚಿನ ಹೊರಕ್ಕೆ ತಳ್ಳಿ. ತಳ್ಳುತ್ತಲೇ ಹಿಂದಿನಿಂದ ಮೊನೆಯ ಕಡೆಗೆ ಸರಿಸಿ. ವಾಪಸು ತರುವಾಗ ಎತ್ತಿ ತನ್ನಿ. ಅರದ ಹಲ್ಲು ತಳ್ಳುವಾಗ ಮಾತ್ರ ಕೊಯ್ಯುತ್ತದೆ, ಎಳೆದರೆ ಮೊಂಡಾಗುತ್ತದೆ. ಹಲ್ಲಿನ ಸಂದಿಗೆ ಮೊದಲೇ ಸೀಮೆಸುಣ್ಣ ತಿಕ್ಕಿದರೆ ಉಕ್ಕಿನ ಚೂರು ಸಿಕ್ಕಿಕೊಂಡು ಗೀರು ಬೀಳುವುದು ತಪ್ಪುತ್ತದೆ. ಹತ್ತು ತಳ್ಳು, ಮಾರ್ಕರ್ ಬಳಿದು ನೋಡು, ಮತ್ತೆ ಹತ್ತು.

ಯಾವಾಗ ನಿಲ್ಲಿಸಬೇಕು? ಇನ್ನೊಂದು ಬದಿಯಲ್ಲಿ ಬರ್ ಎದ್ದಾಗ. ಪೀಣ್ಯದ ವರ್ಕ್‌ಶಾಪ್‌ಗಳಲ್ಲಿ ಬರ್ ಎನ್ನುವುದೂ ಇದನ್ನೇ, ಅಂಚಿನಾಚೆಗೆ ಮಡಿಚಿಕೊಂಡ ಕೂದಲೆಳೆಯಂಥ ಲೋಹ. ಹೆಬ್ಬೆರಳನ್ನು ಗೊಳವೆಯ ಕಡೆಯಿಂದ ಅಂಚಿನ ಹೊರಕ್ಕೆ ಜಾರಿಸಿದರೆ ತರಿತರಿಯಾಗಿ ತಡೆಯುತ್ತದೆ (ಅಂಚಿನ ಉದ್ದಕ್ಕೆ ಬೆರಳು ಎಳೆಯಬೇಡಿ). ಮೊನೆಯಿಂದ ಮೂಲೆಯವರೆಗೆ ಎಲ್ಲೂ ಬಿಡದೆ ಬರ್ ಸಿಗಬೇಕು. ನಡುವೆ ಅರ್ಧ ಇಂಚು ಸಿಗದಿದ್ದರೆ ಆ ಅರ್ಧ ಇಂಚು ಇನ್ನೂ ಮೊಂಡು. ಅದನ್ನು ಬಿಟ್ಟು 400ರ ಕಾಗದಕ್ಕೆ ಹೋದರೆ ಮೊಂಡನ್ನೇ ಹೊಳಪು ಮಾಡಿದಂತೆ.

ತಿರುಗಿಸಿ ಇನ್ನೊಂದು ಬದಿ, ಆಮೇಲೆ ಇನ್ನೊಂದು ರೆಕ್ಕೆ. ಒಟ್ಟು ನಾಲ್ಕು ಇಳಿಜಾರು, ನಾಲ್ಕಕ್ಕೂ ತಳ್ಳಿನ ಲೆಕ್ಕ ಒಂದೇ ಇರಲಿ. ಒಂದು ರೆಕ್ಕೆ ಹೆಚ್ಚು ಸವೆದರೆ ಬಾಣ ಅಡ್ಡಾದಿಡ್ಡಿ ಹೋಗುತ್ತದೆ. ಸಿಂಗಲ್ ಬೆವೆಲ್‌ನಲ್ಲಿ ಪ್ರತಿ ರೆಕ್ಕೆಗೆ ಇಳಿಜಾರು ಒಂದೇ. ಚಪ್ಪಟೆ ಬೆನ್ನನ್ನು ಕಲ್ಲಿನ ಮೇಲೆ ಮಲಗಿಸಿ ಬರ್ ತೆಗೆಯುವುದು ಬಿಟ್ಟು ಬೇರೇನೂ ಮಾಡಬಾರದು.

ಕಾಗದ ಸುತ್ತಿದ ಕೋಲನ್ನೂ ಅಂಚಿನಿಂದ ಹೊರಕ್ಕೇ ಎಳೆಯಬೇಕು. ಅಂಚಿಗೆ ಎದುರಾಗಿ ತಳ್ಳಿದರೆ ಅಲಗು ಕಾಗದವನ್ನೇ ಸೀಳುತ್ತದೆ. ಪ್ರತಿ ನಂಬರಿಗೂ ಹಿಂದಿನ ಗೀರು ಮಾಯವಾಗುವವರೆಗೆ, ಒತ್ತಡ ಕಡಿಮೆ ಮಾಡುತ್ತಾ ಹೋಗಿ. 1000ದಲ್ಲಿ ಒಂದೊಂದು ಬದಿಗೆ ಐದು, ಆಮೇಲೆ ಮೂರು, ಆಮೇಲೆ ಒಂದು ಎಂದು ಬದಲಾಯಿಸುತ್ತಾ ಬಂದರೆ ಬರ್ ಸಣ್ಣದಾಗಿ ಉದುರುತ್ತದೆ. ಉಳಿದದ್ದನ್ನು ಚರ್ಮ ತೆಗೆಯುತ್ತದೆ. ಹಳೆಯ ಕ್ಷೌರದಂಗಡಿಗಳಲ್ಲಿ ಕತ್ತಿಯನ್ನು ಪಟ್ಟಿಗೆ ಬೆನ್ನು ಮುಂದಾಗಿ ಎಳೆಯುತ್ತಿದ್ದರಲ್ಲ, ಹಾಗೆ, ಬದಿಗೆ 20 ಸಲ. ಬರ್ ಉಳಿಸಿಕೊಂಡ ಅಂಚು ಕೈಮೇಲಿನ ಕೂದಲನ್ನು ಚೆನ್ನಾಗಿಯೇ ಬೋಳಿಸುತ್ತದೆ, ಅದಕ್ಕೇ ಮೋಸ ಹೋಗುತ್ತಾರೆ. ಚರ್ಮ, ಪಕ್ಕೆಲುಬು ಸಿಕ್ಕ ಕೂಡಲೇ ಆ ಎಳೆ ಮಡಿಚಿಕೊಂಡು ಅಂಚು ಮೊಂಡಾಗುತ್ತದೆ. ನಾನು ನೆಚ್ಚುವುದು ರಬ್ಬರ್ ಬ್ಯಾಂಡ್ ಪರೀಕ್ಷೆ: ಸಡಿಲವಾಗಿ ಎಳೆದು ಹಿಡಿದ ಬ್ಯಾಂಡ್‌ಗೆ ಅಂಚಿನ ಮೂರು ಕಡೆ ತಾಗಿಸಿದರೆ, ಒತ್ತದೆ ತುಂಡಾಗಬೇಕು.

ಅರದ ಗೀರು ಹಾಗೇ ಬಿಟ್ಟು ಗರಗಸದಂತಿರಲಿ ಎನ್ನುವವರೂ ಇದ್ದಾರೆ. ಹಲ್ಲಿನ ಕುಡುಗೋಲು ಹುಲ್ಲಿಗೆ ಸರಿ, ಅಲ್ಲಿ ಕೈ ಹಿಂದಕ್ಕೆ ಎಳೆಯುತ್ತದೆ. ಬಾಣ ಒಂದೇ ಸಲ ಹಾದುಹೋಗುವ ಕಡೆ ನನಗೆ ನಯವಾದ ಅಂಚೇ ಮೇಲು.

ವಿ ಆಕಾರದ ಕಾರ್ಬೈಡ್ ಶಾರ್ಪನರ್ ಬಾಗಿಗೆ ಹೊಂದುತ್ತದೆ ನಿಜ, ಆದರೆ ಲೋಹವನ್ನು ಕೆರೆದು ಅಂಚನ್ನು ಹರಿದುಹಾಕುತ್ತದೆ. ಬೆಂಚ್ ಗ್ರೈಂಡರ್ ಹತ್ತಿರವೂ ಹೋಗಬೇಡಿ. ಇಷ್ಟು ತೆಳುವಾದ ಅಂಚು ಕೆಲವೇ ಸೆಕೆಂಡಿನಲ್ಲಿ ಕಾಯುತ್ತದೆ; ಸುಮಾರು 300 ಡಿಗ್ರಿ ಸೆಲ್ಸಿಯಸ್‌ಗೆ ನೀಲಿ ತಿರುಗಿತೆಂದರೆ ಅಲ್ಲಿನ ಹದ ಹೋಯಿತು. ಮೊನೆಯನ್ನು ಸೂಜಿಯಂತೆ ಮಾಡುವ ಆಸೆಯೂ ಬೇಡ, ಎಲುಬಿಗೆ ತಾಗಿದರೆ ಸುರುಳಿಯಾಗುತ್ತದೆ. ಉಳಿಯಂಥ ಮೊನೆ ಇದ್ದರೆ ಹಾಗೇ ಬಿಡಿ.

ಹೊರಕ್ಕೆ ಉಬ್ಬಿದ ಅಂಚಿನದಾದರೆ ಚಪ್ಪಟೆ ಕಲ್ಲೇ ಸಾಕು. ಚಾಕುವಿನ ಹೊಟ್ಟೆ ಮಸೆಯುವಂತೆ ಹಿಂದಿನಿಂದ ಮೊನೆಗೆ ನಿಲ್ಲಿಸದೆ ತಿರುಗಿಸುತ್ತಾ ಎಳೆಯಬೇಕು. ನಡುವೆ ನಿಂತರೆ ಅಲ್ಲೊಂದು ಚಪ್ಪಟೆ ಮುಖ ಬೀಳುತ್ತದೆ.

ಬಾಣಕ್ಕೆ ಕೂರಿಸುವಾಗ ಬರಿಗೈಯಲ್ಲಿ ತಿರುಪಬೇಡಿ, ಬ್ರಾಡ್‌ಹೆಡ್ ವ್ರೆಂಚ್ ಬಳಸಿ. ಅಂಚಿಗೆ ವ್ಯಾಸಲೀನ್ ತೆಳುವಾಗಿ ಸವರಿ, ಕಾರ್ಬನ್ ಉಕ್ಕು ಒಂದೇ ರಾತ್ರಿಯ ಇಬ್ಬನಿಗೆ ತುಕ್ಕು ಹಿಡಿಯುತ್ತದೆ. ರಜಕ್ಕೆ ಊರಿಗೆ ಬಂದಾಗಲೂ ಅಭ್ಯಾಸ ಮಾಡಬೇಕೆಂದು ಕೇಳಿದ್ದೀರಿ. ಇಲ್ಲಿ ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಬೇಟೆ ಅಪರಾಧ. ಗುರಿಹಲಗೆಗೆ ಬ್ರಾಡ್‌ಹೆಡ್ ಬೇಕಿಲ್ಲ, ಅಷ್ಟೇ ತೂಕದ ಫೀಲ್ಡ್ ಪಾಯಿಂಟ್ (ಅಲಗಿಲ್ಲದ ಮೊನೆ) ಸಾಕು. ಮಿಷಿಗನ್‌ನಲ್ಲಿ ಫೋಮ್ ಟಾರ್ಗೆಟ್‌ಗೆ ಬ್ರಾಡ್‌ಹೆಡ್‌ನಲ್ಲೇ ಹೊಡೆದು ನೋಡುವುದಾದರೆ ಒಂದನ್ನು ಅದಕ್ಕೆಂದೇ ಗುರುತು ಹಾಕಿ ಬೇರೆ ಇಡಿ. ಫೋಮ್ ಒಂದೇ ಹೊಡೆತಕ್ಕೆ ಅಂಚು ತಿನ್ನುತ್ತದೆ. ಬೇಟೆಯ ಬತ್ತಳಿಕೆಗೆ ಹೋಗುವ ಮುಂಚೆ ಅದು ಮತ್ತೆ ರಬ್ಬರ್ ಬ್ಯಾಂಡ್ ಪರೀಕ್ಷೆಯಲ್ಲಿ ಪಾಸಾಗಬೇಕು.