ಬೆತ್ತಲೆ ಬೀಚಿಗೆ ಹುಡುಗರು ಯಾಕೆ ಬರುತ್ತಿಲ್ಲ? ಮೊದಲು ಫೋನ್ ಎಲ್ಲಿದೆ ನೋಡಿ

ಈ ವಿಷಯಕ್ಕೆ ಬರುವ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ಪ್ರಶ್ನೆಯ ಬೇರೆ ಬೇರೆ ವೇಷ. ಮಗನೋ ಮಗಳೋ ಯುರೋಪಿನಲ್ಲಿದ್ದಾರೆ, ನೋಡಿಕೊಂಡು ಬರಲು ಹೋದ ಅಪ್ಪ ಅಮ್ಮನ ಕಣ್ಣಿಗೆ ಬಟ್ಟೆಯಿಲ್ಲದ ಜನ ಬಿದ್ದಿದ್ದಾರೆ. ಉಳಿದರ್ಧ ಪಿಸುಮಾತಿನ ಪ್ರಶ್ನೆಗಳು. ಸೋಶಿಯಲ್ ನ್ಯೂಡಿಸಂ ಅಂದರೇನು, ಅದು ಸೆಕ್ಸ್ ಪಾರ್ಟಿಯೇ ಎಂಬುದಕ್ಕೆ ಇನ್ನೊಮ್ಮೆ ಪಾಠ ಮಾಡುವ ತಾಳ್ಮೆ ನನಗಿಲ್ಲ. ಅಲ್ಲ. ಬಟ್ಟೆಯಿಲ್ಲದೆ ನಾಲ್ಕು ಜನರ ನಡುವೆ ಈಜುವುದು, ಬಿಸಿಲು ಕಾಯುವುದು, ಅಷ್ಟೇ. ಮುಂದಕ್ಕೆ ಹೋಗೋಣ.

ಪ್ರಶ್ನೆ: ಮಗ ಮ್ಯೂನಿಕ್‌ನಲ್ಲಿದ್ದಾನೆ. ಹೋದ ಬೇಸಿಗೆಯಲ್ಲಿ ನಾವು ಅಲ್ಲಿಗೆ ಹೋಗಿದ್ದಾಗ ಊರ ನಡುವಿನ ಪಾರ್ಕಿನಲ್ಲೇ ಜನ ಬೆತ್ತಲೆ ಮಲಗಿದ್ದರು. ಹೆಚ್ಚಿನವರು ಅರವತ್ತು ದಾಟಿದವರು. ಇದು ಮುದುಕರ ಹವ್ಯಾಸ, ಇವರ ಕಾಲಕ್ಕೇ ಮುಗಿಯುತ್ತದೆ ಎಂದು ನಾನಂದೆ. ಈಗಿನ ಹುಡುಗರು ಇನ್‌ಸ್ಟಾಗ್ರಾಂನಲ್ಲೇ ಅರೆಬಟ್ಟೆಯಲ್ಲಿರುತ್ತಾರೆ, ಅವರು ಇನ್ನೂ ಮುಂದೆ ಹೋಗುತ್ತಾರೆ ಅಂತ ನನ್ನ ಹೆಂಡತಿ. ಯಾರದ್ದು ಸರಿ? — ನಿವೃತ್ತ ಬ್ಯಾಂಕ್ ಅಧಿಕಾರಿ, ಜಯನಗರ

ಇಬ್ಬರದ್ದೂ ತಪ್ಪು. ನಿಮ್ಮ ಮನೆಯವರದ್ದು ಒಂದು ಕೈ ಜಾಸ್ತಿ ತಪ್ಪು. ಇನ್‌ಸ್ಟಾಗ್ರಾಂನಲ್ಲಿ ಬಿಕಿನಿ ಫೋಟೊ ಹಾಕುವವಳಿಗೆ ಬೆಳಕು, ಕೋನ, ಫಿಲ್ಟರ್ ಎಲ್ಲವೂ ಕೈಯಲ್ಲಿದೆ, ಬೇಡವೆನಿಸಿದರೆ ಅಳಿಸುತ್ತಾಳೆ. ಬೆತ್ತಲೆ ಬೀಚಿನಲ್ಲಿ ಇದ್ಯಾವುದೂ ಅವಳ ಹಿಡಿತದಲ್ಲಿಲ್ಲ. ಹಾಗಾಗಿ ಅಲ್ಲಿಗೆ ಹೋಗಲು ಹೆಚ್ಚು ಹಿಂಜರಿಯುವವಳೂ ಅವಳೇ.

ಇನ್ನು ನಿಮ್ಮ ಲೆಕ್ಕ. ಬೆತ್ತಲಿರಲೆಂದೇ ಜನ ಕಟ್ಟಿಕೊಂಡ ಕ್ಲಬ್‌ಗಳಿಗೆ ವಯಸ್ಸಾಗಿರುವುದು ನಿಜ. ಜರ್ಮನಿಯಲ್ಲಿ ಎಫ್‌ಕೆಕೆ (ಫ್ರೈಕೋರ್ಪರ್‌ಕುಲ್ಟುರ್, ಅಂದರೆ ಮುಕ್ತ ದೇಹ ಸಂಸ್ಕೃತಿ) ಎಂದು ಕರೆಸಿಕೊಳ್ಳುವ ಈ ರೂಢಿಯ ಒಕ್ಕೂಟ ಹುಟ್ಟಿದ್ದು 1949ರಲ್ಲಿ. 2024ರಲ್ಲಿ ಅದರ 75ನೇ ವರ್ಷದ ಸಮಾರಂಭವನ್ನೇ, ಹೆಸರು ಕೊಟ್ಟವರು ತೀರಾ ಕಡಿಮೆಯೆಂದು ಕೈಬಿಟ್ಟರು. ಪ್ಯಾರಿಸ್‌ನಲ್ಲಿ 2017ರ ಕೊನೆಯಲ್ಲಿ ಶುರುವಾದ ಬೆತ್ತಲೆ ರೆಸ್ಟೊರೆಂಟ್ 2019ರ ಫೆಬ್ರವರಿಗೆ ಬಾಗಿಲು ಹಾಕಿತು. ಆದರೆ ಕ್ಲಬ್ ಮುಚ್ಚಿದರೆ ರೂಢಿಯೂ ಮುಗಿಯಿತು ಅನ್ನುವುದು ಪೂರ್ವ ಜರ್ಮನಿಯ ಚರಿತ್ರೆ ಗೊತ್ತಿಲ್ಲದವರ ಮಾತು. ಅಲ್ಲಿನ ಸರ್ಕಾರ 1954ರಲ್ಲಿ ಬಾಲ್ಟಿಕ್ ತೀರದಲ್ಲಿ ಬೆತ್ತಲೆ ಸ್ನಾನವನ್ನು ನಿಲ್ಲಿಸಲು ನೋಡಿತು. ಜನ ಕೇಳಲಿಲ್ಲ. 1956ರಲ್ಲಿ ಗುರುತು ಮಾಡಿದ ಜಾಗಗಳಲ್ಲಿ ಬಿಟ್ಟುಕೊಟ್ಟಿತು. ಸಂಘವಿಲ್ಲ, ಚಂದಾ ಇಲ್ಲ, ಸದಸ್ಯತ್ವದ ಕಾರ್ಡಿಲ್ಲ. ಆದರೂ ಕ್ಲಬ್‌ಗಳಿದ್ದ ಪಶ್ಚಿಮಕ್ಕಿಂತ ಅಲ್ಲೇ ಅದು ಮನೆಮಾತಾಗಿದ್ದು.

ಪ್ರತಿ ತಲೆಮಾರೂ ಬಟ್ಟೆ ಬಿಚ್ಚಿದ್ದು ಬೇರೆ ಬೇರೆ ಕಾರಣಕ್ಕೆ. 1903ರಲ್ಲಿ ಜರ್ಮನಿಯ ಮೊದಲ ಬೆತ್ತಲೆ ಪಾರ್ಕಿಗೆ ಹೋದವರಿಗೆ ಅದು ಆರೋಗ್ಯ ವ್ರತ: ಬೆಳಗ್ಗೆ ಕಸರತ್ತು, ಮಾಂಸವಿಲ್ಲ, ಮದ್ಯವಿಲ್ಲ. 1950ರಲ್ಲಿ ಫ್ರಾನ್ಸಿನ ಮೊಂಟಾಲಿವೆಯಲ್ಲಿ ಟೆಂಟು ಹಾಕಿದವರಿಗೆ ಅದು ಸಂಸಾರದ ರಜೆ. 1968ರ ಹುಡುಗರಿಗೆ ಹಿರಿಯರ ಮೇಲಿನ ಬಂಡಾಯ. ನೀವು ಪಾರ್ಕಿನಲ್ಲಿ ಕಂಡಿದ್ದು ಆ ಹುಡುಗರನ್ನೇ, ಈಗ ಮೊಮ್ಮಕ್ಕಳಿರುವವರು. ಈಗಿನ ಇಪ್ಪತ್ತೈದರವರಿಗೆ ಬಂಡಾಯವೂ ಬೇಡ, ವ್ರತವೂ ಬೇಡ. ದಿನವಿಡೀ ಫಿಲ್ಟರ್ ಹಾಕಿದ ಮೈಗಳನ್ನು ನೋಡಿ ನೋಡಿ ಸುಸ್ತಾಗಿ, ಸಾಧಾರಣ ಮೈಗಳ ನಡುವೆ ಒಂದು ಮಧ್ಯಾಹ್ನ ಇದ್ದು ಬರಬೇಕು, ಅಷ್ಟೇ. ಆಸೆಯೇನೋ ಇದೆ, ಅಡ್ಡಿಗಳೂ ಇವೆ.

ಒಂದನೆಯದು ಕ್ಯಾಮೆರಾ. 1975ರಲ್ಲಿ ಬೀಚಿಗೆ ಹೋದವನನ್ನು ನೋಡಿದವರು ನೂರು ಜನವಾದರೆ, ಆ ನೂರೇ. ಈಗ ದೂರದಿಂದ ತೆಗೆದ ಒಂದು ಫೋಟೊ ಐದು ವರ್ಷದ ನಂತರ ಕೆಲಸದ ಇಂಟರ್‌ವ್ಯೂ ಹೊತ್ತಿಗೆ ಎದ್ದು ಬರಬಹುದು. ಈ ಭಯವನ್ನು ಹಳೆಯ ಕ್ಲಬ್‌ಗಳು ಇವತ್ತಿಗೂ 'ನಮ್ಮಲ್ಲಿ ಎಲ್ಲರೂ ಮರ್ಯಾದಸ್ಥರು' ಎಂಬ ಒಂದು ಮಾತಿನಲ್ಲಿ ತೇಲಿಸುತ್ತವೆ. ಹುಡುಗರು ಆ ಮಾತಿಗೆ ಬೀಳುವುದಿಲ್ಲ, ಬೀಳಲೂ ಬಾರದು. ಗೇಟಿನಲ್ಲಿ ಫೋನಿಗೆ ಬೀಗ ಹಾಕಿದ ಚೀಲ ಕೊಡಬೇಕು, ಇಲ್ಲವೇ ಲಾಕರ್‌ನಲ್ಲಿ ಇಡಿಸಬೇಕು. ಸ್ಟಿಕ್ಕರ್ ಅಂಟಿಸುವ ಕಡೆ ಹಿಂದಿನ ಲೆನ್ಸಿಗೆ ಮಾತ್ರ ಅಂಟಿಸಿ ಮುಂದಿನದನ್ನು ಮರೆಯುತ್ತಾರೆ. ಸೆಲ್ಫಿ ಕ್ಯಾಮೆರಾದಲ್ಲಿ ಬೆನ್ನ ಹಿಂದಿನವರೆಲ್ಲ ಬರುತ್ತಾರೆ. ನೀರಿನಲ್ಲಿ ಸ್ಟಿಕ್ಕರ್ ಕಿತ್ತುಬರುತ್ತದೆ, ಹೊರಡುವಾಗ ಯಾರೂ ಪರೀಕ್ಷಿಸುವುದಿಲ್ಲ. ಈಗ ಕ್ಯಾಮೆರಾ ಇರುವ ಕನ್ನಡಕವೂ ಬಂದಿದೆ, ಅದರ ಬಗ್ಗೆ ನಿಯಮವೇ ಬರೆಯದ ಜಾಗಗಳು ಎಷ್ಟೋ.

ಎರಡನೆಯದನ್ನು ಯಾರೂ ಎಣಿಕೆಗೆ ತೆಗೆದುಕೊಳ್ಳುವುದಿಲ್ಲ: ಒಟ್ಟಿಗೆ ಸ್ನಾನ ಮಾಡುವ ಅಭ್ಯಾಸವೇ ತಪ್ಪಿಹೋಗಿದೆ. ಅಮೆರಿಕದ ಸಾರ್ವಜನಿಕ ಆರೋಗ್ಯ ಸಂಘ 1926ರಿಂದ 1962ರವರೆಗೆ, ಒಳಾಂಗಣ ಈಜುಕೊಳದಲ್ಲಿ ಗಂಡಸರು ಬೆತ್ತಲೆ ಈಜುವುದೇ ಒಳ್ಳೆಯದು ಎನ್ನುತ್ತಿತ್ತು. ಉಣ್ಣೆ, ಹತ್ತಿಯ ಈಜುಡುಗೆಯ ನೂಲಿನ ಎಳೆಗಳು ಫಿಲ್ಟರಿಗೆ ಸಿಕ್ಕಿಕೊಳ್ಳುತ್ತಿದ್ದವು, ಕೊಳೆಯೂ ಬರುತ್ತಿತ್ತು. ವೈಎಂಸಿಎ ಕೊಳಗಳಲ್ಲಿ ಅದೇ ರಿವಾಜು. ಅಂಥ ಕಡೆ ಬೆಳೆದವರಿಗೆ ಇನ್ನೊಬ್ಬರ ಮೈ ವಿಶೇಷವಲ್ಲ, ಕ್ಲಬ್ಬಿಗೆ ಕಾಲಿಡುವುದು ಸಣ್ಣ ಹೆಜ್ಜೆ. ನಮ್ಮಲ್ಲೇ ನೋಡಿ. ಗರಡಿಮನೆಯಲ್ಲಿ ಲಂಗೋಟಿ ಕಟ್ಟಿ ಮಣ್ಣು ಮೆತ್ತಿಕೊಂಡು, ಬಾವಿಕಟ್ಟೆಯಲ್ಲಿ ಸಾಲಾಗಿ ನಿಂತು ನೀರು ಹುಯ್ದುಕೊಂಡವರು ನಿಮ್ಮ ತಂದೆಯ ಓರಗೆಯವರು. ದೀಪಾವಳಿಗೆ ಮನೆಮಂದಿಯನ್ನೆಲ್ಲ ಮಣೆ ಮೇಲೆ ಕೂರಿಸಿ ಎಣ್ಣೆ ಒತ್ತುತ್ತಿದ್ದ ಅಜ್ಜಿಗೆ ಯಾರ ಮೈಯೂ ಹೊಸದಲ್ಲ. ಈಗ ಮೂರು ಬೆಡ್‌ರೂಮಿನ ಫ್ಲ್ಯಾಟಿಗೆ ಮೂರು ಅಟ್ಯಾಚ್ಡ್ ಬಾತ್‌ರೂಮು. ಜಿಮ್ಮಿನಲ್ಲಿ ಎದೆ ಉಬ್ಬಿಸಿ ಕನ್ನಡಿ ಮುಂದೆ ನಿಲ್ಲುವ ಹುಡುಗ ಬಟ್ಟೆ ಬದಲಿಸುವಾಗ ಟವೆಲ್ಲಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡಿರುತ್ತಾನೆ. ಅವನು ಅಜ್ಜನಿಗಿಂತ ಮಾಡರ್ನ್, ಅಜ್ಜನಿಗಿಂತ ನಾಚಿಕೆಯವನು.

ಮೂರನೆಯದು ದುಡ್ಡು. ಹಳೆಯ ಕ್ಲಬ್ ಎಂದರೆ ಊರಾಚೆ ಕಾಡಂಚಿನ ಜಮೀನು, ಬೇಲಿ, ಈಜುಕೊಳ, ಕೊಳದ ಪಂಪು. ಲೆಕ್ಕಕ್ಕೆ ವರ್ಷದ ಖರ್ಚು 30 ಲಕ್ಷ ಅಂದುಕೊಳ್ಳಿ. 300 ಸದಸ್ಯರಿದ್ದರೆ ತಲೆಗೆ 10,000. ಸತ್ತು, ಬಿಟ್ಟು, 120 ಉಳಿದರೆ ತಲೆಗೆ 25,000. ಅರ್ಧ ಖಾಲಿ ಬಿದ್ದ ಅಪಾರ್ಟ್‌ಮೆಂಟಿನ ಮೇಂಟೆನನ್ಸ್ ಇದ್ದ ಹಾಗೆ: ಉಳಿದವರಿಗೆ ಏರುತ್ತದೆ, ಏರಿದ್ದಕ್ಕೆ ಇನ್ನಷ್ಟು ಜನ ಬಿಡುತ್ತಾರೆ. ಬಾಡಿಗೆ ಮನೆಯ, ಕಾರಿಲ್ಲದ, ಎರಡು ವರ್ಷಕ್ಕೊಮ್ಮೆ ಊರು ಬದಲಿಸುವ ಹುಡುಗರಿಗೆ ವರ್ಷದ ಚಂದಾ ಕಟ್ಟಿ, ಭಾನುವಾರ ಹೋಗಿ ಹುಲ್ಲು ಕೊಯ್ಯುವ ಶ್ರಮದಾನ ಬೇಡ. ಒಂದು ದಿನದ ಟಿಕೆಟ್ ಬೇಕು, ಮೆಟ್ರೊ ಹೋಗುವ ಕಡೆ ಬೇಕು.

ಇದರ ಮೇಲೆ ಒಂಟಿ ಗಂಡಸರ ಗಂಟು. ಬಹಳ ಕ್ಲಬ್‌ಗಳು ಜೋಡಿಗಳಿಗೆ ಮಣೆ ಹಾಕಿ ಒಂಟಿ ಗಂಡಸರಿಗೆ ಮಿತಿ ಹಾಕುತ್ತವೆ. ಇಪ್ಪತ್ಮೂರಕ್ಕೆ ಮದುವೆಯಾಗುತ್ತಿದ್ದ ಕಾಲದ ನಿಯಮ ಅದು. ಈಗ ಮೂವತ್ತೈದಾದರೂ ಒಂಟಿ, ಅಂದರೆ ಬರಬಹುದಾದ ಹುಡುಗರನ್ನೇ ಗೇಟಿನಲ್ಲಿ ನಿಲ್ಲಿಸಿದಂತಾಯಿತು. ಹಾಗೆಂದು ನಿಯಮ ಕಿತ್ತೆಸೆದ ಕಡೆ ಏನಾಯಿತು? ಗಂಡಸರು ತುಂಬಿದರು, ಹೆಂಗಸರು ಎರಡನೇ ವಾರ ಬರಲಿಲ್ಲ, ಹೆಂಗಸರಿಲ್ಲದ ಮೇಲೆ ಮೂರನೇ ವಾರ ಯಾರೂ ಬರಲಿಲ್ಲ. ನಡುದಾರಿ ಇದೆ: ಮೊದಲ ಭೇಟಿ ಪರಿಚಯದ ಸದಸ್ಯರ ಜೊತೆಗೆ, ದಿನಕ್ಕೆ ಇಷ್ಟೇ ಜನ, ಏನು ಮಾಡಿದರೆ ಹೊರಗೆ ಕಳಿಸುತ್ತೇವೆ ಎಂಬುದು ಬರಹದಲ್ಲಿ, ದೂರು ಕೇಳಲು ಗುರುತಿಸಿದ ಒಬ್ಬ ಹೆಂಗಸು ಆ ದಿನ ಅಲ್ಲೇ ಹಾಜರು. 'ಸಮಿತಿಗೆ ಬರೆದು ಕೊಡಿ' ಅನ್ನುವ ಕ್ಲಬ್ಬಿನಲ್ಲಿ ಹುಡುಗಿಯರು ಉಳಿಯುವುದಿಲ್ಲ.

ಇನ್ನೊಂದು ಜಗಳ 'ಬಿಚ್ಚಲೇಬೇಕೆ' ಎಂಬುದು. ಹುಡುಗರು ಬೇಕಾದವರು ಬಿಚ್ಚಲಿ, ಬೇಡದವರು ಬಿಡಲಿ ಅನ್ನುತ್ತಾರೆ. ಹಿರಿಯರಿಗೆ ಅದು ಸಿಟ್ಟು, ಆ ಸಿಟ್ಟಿಗೆ ಕಾರಣವೂ ಇದೆ: ಬಟ್ಟೆಯವರು ಹೆಚ್ಚಾದ ದಿನ ಬೆತ್ತಲಿದ್ದವರು ಪ್ರದರ್ಶನದ ವಸ್ತುವಾಗುತ್ತಾರೆ. ಬಾಲ್ಟಿಕ್ ತೀರದ ರೋಸ್ಟೊಕ್ ನಗರ 2025ರಲ್ಲಿ ಬೆತ್ತಲೆ ವಲಯಗಳಲ್ಲಿ ಬಟ್ಟೆ ತೊಟ್ಟವರನ್ನು ಹೊರಗೆ ಕಳಿಸಲು ಅವಕಾಶ ಕೊಡುವ ನಿಯಮ ತಂದಿದ್ದು ಈ ಕಾರಣಕ್ಕೇ. ಈ ಒಂದು ವಿಷಯದಲ್ಲಿ ನನ್ನ ಓಟು ಮುದುಕರಿಗೆ.

ಹಾಗಾದರೆ ಮುಂದೇನು? ಜಮೀನಿರುವ ದೊಡ್ಡ ಕ್ಲಬ್‌ಗಳಲ್ಲಿ ಹಲವು ಮಾರಾಟವಾಗುತ್ತವೆ, ಇಲ್ಲವೇ ಬಟ್ಟೆಯವರಿಗೂ ತೆರೆದ ಕ್ಯಾಂಪಿಂಗ್ ಜಾಗಗಳಾಗುತ್ತವೆ. ಉಳಿಯುವುದು ಮೂರು: ನೀವು ಕಂಡ ಪಾರ್ಕಿನಂಥ, ಸದಸ್ಯತ್ವ ಬೇಡದ ಸಾರ್ವಜನಿಕ ವಲಯ; ಸೌನಾ, ಅಂದರೆ ಬೆವರಿಳಿಸುವ ಬಿಸಿ ಕೋಣೆ; ಮತ್ತು ಒಂದು ದಿನದ ಕಾರ್ಯಕ್ರಮ. ಮೂರನೆಯದೇ ಹುಡುಗರದ್ದು. ವಿಯೆನ್ನಾದ ಲಿಯೊಪೋಲ್ಡ್ ಮ್ಯೂಸಿಯಂ 2013ರಲ್ಲಿ ಬೆತ್ತಲೆ ವೀಕ್ಷಕರಿಗೆ ಒಂದು ಸಂಜೆ ಬಾಗಿಲು ತೆರೆಯಿತು; 2024ರಲ್ಲಿ ಫ್ರಾನ್ಸಿನ ಮಾರ್ಸೆ ನಗರದ ಮ್ಯೂಸಿಯಂ ಒಂದು, ಇದೇ ವಿಷಯದ ಪ್ರದರ್ಶನಕ್ಕೆ ಅಂಥ ವಿಶೇಷ ಭೇಟಿಗಳನ್ನು ಇಟ್ಟಿತ್ತು. ಟಿಕೆಟ್ ತೆಗೆದುಕೊಂಡರು, ನೋಡಿದರು, ಬಟ್ಟೆ ಹಾಕಿಕೊಂಡು ಮನೆಗೆ ಹೋದರು. ಯಾರೂ ಹುಲ್ಲು ಕೊಯ್ಯಲಿಲ್ಲ.

ನಿಮ್ಮ ಮಗ ಆ ಪಾರ್ಕಿಗೆ ಹೋಗುತ್ತಾನೋ ಇಲ್ಲವೋ ನೀವು ಕೇಳಿಲ್ಲ. ಅವನನ್ನೂ ಕೇಳಬೇಡಿ.

ಪ್ರಶ್ನೆ: ಗೊಮ್ಮಟನ ನಾಡು, ಅಕ್ಕಮಹಾದೇವಿಯ ನಾಡು. ನಮಗೇಕೆ ಈ ಮಡಿವಂತಿಕೆ? — ಮಲ್ಲೇಶ್ವರಂ

ದಿಗಂಬರರು ಎಲ್ಲವನ್ನೂ ಬಿಟ್ಟವರು. ಕ್ಲಬ್ಬಿನವರು ಭಾನುವಾರ ಬಟ್ಟೆ ಬಿಟ್ಟು ಸೋಮವಾರ ಇಸ್ತ್ರಿ ಅಂಗಿಯಲ್ಲಿ ಆಫೀಸಿಗೆ ಹೋಗುವವರು. ಒಂದಕ್ಕೊಂದು ಸಂಬಂಧವಿಲ್ಲ. ಇದೇ ಸಾಲಿಗೆ ಚಂದ್ರಗುತ್ತಿಯ ಬೆತ್ತಲೆ ಸೇವೆಯನ್ನು ಸೇರಿಸಿ ಬರೆದವರಿಗೆ: 1986ರ ಗಲಭೆಯ ನಂತರ ನಿಷೇಧವಾದ ಆ ಪದ್ಧತಿ ಬಡ ಹೆಣ್ಣುಮಕ್ಕಳ ಬೆನ್ನ ಮೇಲೆ ನಡೆಯುತ್ತಿತ್ತು. ಅದನ್ನು ಸ್ವಾತಂತ್ರ್ಯದ ಉದಾಹರಣೆ ಮಾಡುವುದು ನಾಚಿಕೆಗೇಡು.

ಪ್ರಶ್ನೆ: ಇದೆಲ್ಲ ಈಗಿನ ಫಾರಿನ್ ಚಾಳಿ ಅಲ್ಲವೇ? — ರಾಜಾಜಿನಗರ

ಗೊತ್ತಿರುವ ಮೊದಲ ನ್ಯೂಡಿಸ್ಟ್ ಕ್ಲಬ್ ಹುಟ್ಟಿದ್ದು 1891ರಲ್ಲಿ, ಮುಂಬೈ ಪಕ್ಕದ ಠಾಣೆಯಲ್ಲಿ. ಕಟ್ಟಿದವನು ಅಲ್ಲಿನ ಬ್ರಿಟಿಷ್ ನ್ಯಾಯಾಧೀಶ ಕ್ರಾಫರ್ಡ್, ಒಟ್ಟು ಸದಸ್ಯರು ಮೂರು. ಚಾಳಿ ಫಾರಿನ್ನಿನದೇ, ಆದರೆ ಈಗಿನದಲ್ಲ.

ಪ್ರಶ್ನೆ: ಬೆಂಗಳೂರಿನಲ್ಲೇ ಒಂದು ನ್ಯಾಚುರಿಸ್ಟ್ (ಬೆತ್ತಲೆ ಕೂಟದ) ಗ್ರೂಪ್ ಇದೆ, ಕನಕಪುರ ರಸ್ತೆಯ ಫಾರ್ಮ್‌ಹೌಸಿನಲ್ಲಿ ವೀಕೆಂಡ್ ಅಂತ ಟೆಲಿಗ್ರಾಂನಲ್ಲಿ ಬಂತು. 2,500 ರೂಪಾಯಿ ರಿಜಿಸ್ಟ್ರೇಷನ್, ಆಮೇಲೆ ವಿಡಿಯೊ ಕಾಲ್‌ನಲ್ಲಿ ವೆರಿಫಿಕೇಷನ್ ಅಂತೆ. ನಂಬಬಹುದೇ? — ಎಚ್‌ಎಸ್‌ಆರ್ ಲೇಔಟ್

ಬೇಡ. ಈ ಪ್ರಶ್ನೆಯನ್ನು ದುಡ್ಡು ಕಟ್ಟಿದ ಮೇಲೆ ಕೇಳುವವರೇ ಹೆಚ್ಚು. ಆಟ ಹೀಗಿರುತ್ತದೆ: ವೆರಿಫಿಕೇಷನ್ ಕಾಲ್‌ನಲ್ಲಿ ಅತ್ತ ಕಾಣುವ ಹೆಂಗಸು ಮೊದಲೇ ರೆಕಾರ್ಡ್ ಮಾಡಿದ ವಿಡಿಯೊ, ಇತ್ತ ನಿಮ್ಮನ್ನು ಬಟ್ಟೆ ತೆಗೆಯಲು ಹೇಳಿ ಸ್ಕ್ರೀನ್ ರೆಕಾರ್ಡ್ ಮಾಡುತ್ತಾರೆ. ಅರ್ಧ ಗಂಟೆಯಲ್ಲಿ ನಿಮ್ಮ ಅತ್ತಿಗೆ, ಬಾಸ್, ಪಕ್ಕದ ಮನೆಯವರ ಹೆಸರು ಹೇಳಿ ದುಡ್ಡು ಕೇಳುತ್ತಾರೆ. ಆಮೇಲೆ 'ಸಿಬಿಐ ಸಾಹೇಬರು' ಫೋನ್ ಮಾಡುತ್ತಾರೆ. ಒಂದು ರೂಪಾಯಿ ಕೊಟ್ಟರೂ ನಿಲ್ಲುವುದಿಲ್ಲ, ಕೊಡುವ ಗಿರಾಕಿ ಎಂದು ಖಾತ್ರಿಯಾಗುತ್ತದೆ ಅಷ್ಟೇ.

ಆಗಿಹೋಗಿದ್ದರೆ: ಚಾಟ್ ಅಳಿಸಬೇಡಿ, ನಾಚಿಕೆಯಿಂದ ಎಲ್ಲರೂ ಮೊದಲು ಮಾಡುವ ತಪ್ಪು ಅದೇ. ನಂಬರ್, ಪ್ರೊಫೈಲ್, ಬೆದರಿಕೆ ಎಲ್ಲದರ ಸ್ಕ್ರೀನ್‌ಶಾಟ್, ಯುಪಿಐನ ಯುಟಿಆರ್ (ಹಣ ಕಳಿಸಿದ ವಹಿವಾಟಿನ) ನಂಬರ್ ತೆಗೆದಿಟ್ಟುಕೊಂಡು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಬೇಗ ಮಾಡಿದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು. ಆಮೇಲೆ ನಿಮ್ಮ ವಿಭಾಗದ ಸೆನ್ (ಸೈಬರ್ ಅಪರಾಧ ನೋಡುವ ಪೊಲೀಸ್) ಠಾಣೆಗೆ ಹೋಗಿ. ಬರೆದುಕೊಡುವ ದೂರಿನಲ್ಲಿ 'ಖಾಸಗಿ ವಿಡಿಯೊ ಇಟ್ಟುಕೊಂಡು ಬೆದರಿಸಿ ಹಣ ಕೇಳುತ್ತಿದ್ದಾರೆ' ಎಂದಿದ್ದರೆ ಸಾಕು, ಯಾಕೆ ಸೇರಿದಿರಿ ಎಂಬ ಪುರಾಣ ಬೇಡ.

ನಾಚಿಕೆ ಬಿಡಿಸುವ ಶಿಬಿರ, ಬೆತ್ತಲೆ ಯೋಗದಿಂದ ಕುಂಡಲಿನಿ, ಡಿಟಾಕ್ಸ್ ಎಂದು ಮಾರುವ 'ಗುರು'ಗಳದ್ದೂ ಇದೇ ಜಾತಿ. ಕಪಟಿಗಳು.

ಪ್ರಶ್ನೆ: ಗೋಕರ್ಣದ ಬೀಚುಗಳಲ್ಲಿ ನಡೆಯುತ್ತದಂತೆ? — ಹೆಬ್ಬಾಳ

ಇಲ್ಲ. ಭಾರತದ ಯಾವ ಬೀಚಿನಲ್ಲೂ ಕಾನೂನಿನ ಒಪ್ಪಿಗೆ ಇಲ್ಲ. ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ) 296ನೇ ಕಲಂ, ಸಾರ್ವಜನಿಕ ಅಶ್ಲೀಲತೆಗೆ 3 ತಿಂಗಳವರೆಗೆ ಜೈಲು ಅಥವಾ 1,000 ರೂಪಾಯಿವರೆಗೆ ದಂಡ ಅಥವಾ ಎರಡೂ. ಮಾಡೆಲ್, ನಟ ಮಿಲಿಂದ್ ಸೋಮನ್ 2020ರಲ್ಲಿ ಗೋವಾ ಬೀಚಿನಲ್ಲಿ ಬೆತ್ತಲೆ ಓಡಿದ ಫೋಟೊ ಹಾಕಿದ್ದಕ್ಕೇ ಕೇಸು ಬಿತ್ತು. ನಿಮ್ಮ ಪರ ವಾದಿಸಲು ಅವರಿಗೆ ಸಿಕ್ಕಂಥ ವಕೀಲರು ಸಿಗಲಿಕ್ಕಿಲ್ಲ.

ಪ್ರಶ್ನೆ: ವಿಟಮಿನ್ ಡಿ ಕಡಿಮೆ ಇದೆ. ಬಟ್ಟೆಯಿಲ್ಲದೆ ಟೆರೇಸಿನಲ್ಲಿ ಒಂದು ಗಂಟೆ ಮಲಗಿದರೆ ಮಾತ್ರೆ ಬೇಡ ಎಂದು ಪ್ರಕೃತಿ ಚಿಕಿತ್ಸೆಯವರೊಬ್ಬರು ಹೇಳಿದರು. — ಬನಶಂಕರಿ

ಅವರನ್ನೂ ನಿಮ್ಮ ಜೊತೆ ಮಲಗಿಸಿ ನೋಡಿ. ವರ್ಷಗಟ್ಟಲೆ ಬಿಸಿಲು ಕಾಣದ ಹೊಟ್ಟೆ, ತೊಡೆ, ಪೃಷ್ಠದ ಚರ್ಮ ಬೆಂಗಳೂರಿನ ಮಾರ್ಚ್ ಬಿಸಿಲಿಗೆ ಮುಖದ ಚರ್ಮಕ್ಕಿಂತ ಬೇಗ ಸುಡುತ್ತದೆ. ತೋಳು, ಕಾಲು ತೋರಿಸಿದರೂ ವಿಟಮಿನ್ ತಯಾರಾಗುತ್ತದೆ. ಕಿಟಕಿ ಗಾಜಿನ ಹಿಂದೆ ಕೂತರೆ ಆಗುವುದಿಲ್ಲ, ಅದಕ್ಕೆ ಬೇಕಾದ ಕಿರಣವನ್ನು ಗಾಜು ತಡೆಯುತ್ತದೆ. ಕೊರತೆ ರಕ್ತಪರೀಕ್ಷೆಯಲ್ಲಿ ಬಂದಿದ್ದರೆ ಡಾಕ್ಟರು ಬರೆದ ಮಾತ್ರೆ ನುಂಗಿ. ಯುರೋಪಿನ ಬೆತ್ತಲೆ ಬೀಚಿಗೆ ಹೋಗುವವರಿಗೂ ಇದು ಅನ್ವಯ: ಇಡೀ ಮೈಗೆ ಒಂದು ಸಲಕ್ಕೆ ಸುಮಾರು 30 ಮಿಲಿ ಸನ್‌ಸ್ಕ್ರೀನ್ ಬೇಕು, ಎರಡು ಗಂಟೆಗೊಮ್ಮೆ ಮತ್ತೆ. ನಮ್ಮವರು ಬೊಟ್ಟಿನಷ್ಟು ಹಚ್ಚಿಕೊಂಡು ಸಂಜೆಗೆ ಕೂರಲಾಗದೆ ಒದ್ದಾಡುತ್ತಾರೆ. ಮತ್ತೆ, ಎದುರಿನ ಬಿಲ್ಡಿಂಗಿಗೆ ಕಾಣುವ ಟೆರೇಸು ಖಾಸಗಿ ಜಾಗವಲ್ಲ.

ಪ್ರಶ್ನೆ: ಸ್ಟುಟ್‌ಗಾರ್ಟ್‌ನಲ್ಲಿ ಸೊಸೆ ಸೌನಾಕ್ಕೆ ಕರೆದಿದ್ದಾಳೆ. ಬಟ್ಟೆ ಹಾಕಿಕೊಂಡು ಹೋಗಬಹುದೇ? — 58 ವರ್ಷದ ಗೃಹಿಣಿ, ಬಸವನಗುಡಿ

ಈಜುಡುಗೆಯಲ್ಲಿ ಒಳಗೆ ಬಿಡುವುದಿಲ್ಲ, ಟವೆಲ್ ಸುತ್ತಿಕೊಂಡರೆ ಸಾಮಾನ್ಯವಾಗಿ ಯಾರೂ ಏನೂ ಅನ್ನುವುದಿಲ್ಲ. ಹೆಂಗಸರಿಗೇ ಮೀಸಲಾದ ದಿನ ಬಹಳ ಕಡೆ ಇದೆ, ಮೊದಲ ಸಲಕ್ಕೆ ಅದನ್ನೇ ಆರಿಸಿ. ಎರಡು ಟವೆಲ್ ಒಯ್ಯಿರಿ: ದೊಡ್ಡದು ಹಲಗೆಯ ಮೇಲೆ ಹಾಸಲು, ಪಾದ ಕೂಡ ಅದರ ಮೇಲಿರಬೇಕು, ಬೆವರು ಮರಕ್ಕೆ ತಾಗಿದರೆ ಮುಖಕ್ಕೆ ಹೇಳುತ್ತಾರೆ. ಇನ್ನೊಂದು ಮೈ ಒರೆಸಲು. ಮೊದಲು ಸೋಪು ಹಚ್ಚಿ ಸ್ನಾನ, ಚೆನ್ನಾಗಿ ಒರೆಸಿಕೊಂಡು ಒಳಗೆ. 90 ಡಿಗ್ರಿಯಲ್ಲಿ ಹೊಸಬರಿಗೆ 8 ನಿಮಿಷ ಸಾಕು, ಕೆಳಗಿನ ಹಲಗೆಯಲ್ಲಿ. ಬಿಪಿ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳಿ ಹೋಗಲಿ, ಹೊರಬಂದು ತಣ್ಣೀರಿನ ತೊಟ್ಟಿಗೆ ಧುಮುಕುವುದು ಬೇಡವೇ ಬೇಡ.

ಯಾರೂ ಹೇಳದ ಒಂದು ಮಾತು: ಬಳೆ, ಓಲೆ, ತಾಳಿ ಸರ ಐದೇ ನಿಮಿಷಕ್ಕೆ ಕಾದು ಚರ್ಮ ಸುಡುತ್ತವೆ. ತಾಳಿ ತೆಗೆಯಲು ಮನಸ್ಸಿಲ್ಲದಿದ್ದರೆ ಒದ್ದೆ ಕರವಸ್ತ್ರದಲ್ಲಿ ಸುತ್ತಿ, ಕಾವು ಕಡಿಮೆ ಇರುವ 55–60 ಡಿಗ್ರಿಯ ಬಯೊ ಸೌನಾದಲ್ಲಿ ಕೂತುಕೊಳ್ಳಿ.