ಕಾಂಪೌಂಡ್ ಒಳಗೆ ಯಾರು, ಹೊರಗೆ ಯಾರು?

ಓದುಗರ ಪ್ರಶ್ನೆ, ನಮ್ಮ ಉತ್ತರ

ಪಾಲಿಕೆ, ನಗರಸಭೆಗಳಿಗೂ ಊರಿನ ಸರ್ಕಾರಿ ಶಾಲೆಗಳಿಗೂ ಇರುವ ನಂಟಿನ ಬಗ್ಗೆ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಓದುಗರು ಕಳಿಸಿದ ಪ್ರಶ್ನೆಗಳಲ್ಲಿ ಕೆಲವು ಇಲ್ಲಿವೆ.

ಪ್ರಶ್ನೆ: ನಮ್ಮ ಶಾಲೆಯಲ್ಲಿ ಹೆಣ್ಣುಮಕ್ಕಳ ಶೌಚಾಲಯ ಪದೇ ಪದೇ ಕಟ್ಟಿಕೊಳ್ಳುತ್ತದೆ. ಪಾಲಿಕೆಗೆ ಹೋದರೆ ‘ಶಾಲೆ ಶಿಕ್ಷಣ ಇಲಾಖೆಯದು, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಸಾಹೇಬರನ್ನು ಕೇಳಿ’ ಅಂತಾರೆ. ಬಿಇಒ ಕಚೇರಿಯಲ್ಲಿ ‘ಯುಜಿಡಿ (ಒಳಚರಂಡಿ) ಪಾಲಿಕೆಯದಲ್ವಾ’ ಅಂತಾರೆ. ಯಾರ ಬಾಗಿಲು ತಟ್ಟಬೇಕು?
— ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅಧ್ಯಕ್ಷೆ, ತುಮಕೂರು

ಉತ್ತರ: ಇಬ್ಬರೂ ಅರ್ಧ ಸತ್ಯ ಹೇಳುತ್ತಿದ್ದಾರೆ, ಮೇಡಂ. ಕಾಂಪೌಂಡ್ ಒಳಗಿನ ಪೈಪು, ಚೇಂಬರ್, ಕಮೋಡು ಶಾಲೆಯದು. ಹೊರಗಿನ ಮ್ಯಾನ್‌ಹೋಲ್ ಮತ್ತು ಮುಖ್ಯ ಲೈನು ಪಾಲಿಕೆಯದು. ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ ಲೈನು ಹಾಕಿಸಿದ್ದರೂ, ಹಸ್ತಾಂತರವಾದ ಮೇಲೆ ನಿರ್ವಹಣೆ ಪಾಲಿಕೆಯದ್ದೇ. ಹಾಗಾಗಿ ಅರ್ಜಿ ಬರೆಯುವ ಮುಂಚೆ ಕಟ್ಟಿರುವುದು ಗೇಟಿನ ಯಾವ ಕಡೆ ಅಂತ ನೀವೇ ಪತ್ತೆ ಮಾಡಿ.

ಇದಕ್ಕೆ ಎಂಜಿನಿಯರ್ ಬರಬೇಕಾಗಿಲ್ಲ. ಕಾಂಪೌಂಡ್ ಒಳಗಿನ ಕೊನೆಯ ಚೇಂಬರಿನ, ಅಂದರೆ ಗೋಡೆಗೆ ಅಂಟಿಕೊಂಡಿರುವುದರ ಮುಚ್ಚಳ ತೆಗೆಸಿ. ಶೌಚಾಲಯ ಕಟ್ಟಿಕೊಂಡಿದ್ದು ಈ ಚೇಂಬರ್ ಒಣಗಿದ್ದರೆ ತೊಂದರೆ ಒಳಗಿದೆ. ಚೇಂಬರೇ ತುಂಬಿ ನಿಂತಿದ್ದರೆ ಹೊರಗಿದೆ. ಮಳೆ ಬಂದಾಗ ಮಾತ್ರ ತುಂಬುತ್ತದೆ ಎಂದರೆ ಬೇರೆಯೇ ಕತೆ: ಯಾರೋ ತಾರಸಿಯ ಮಳೆನೀರಿನ ಪೈಪನ್ನು ಯುಜಿಡಿಗೆ ಸೇರಿಸಿರುತ್ತಾರೆ. ಅದು ನಿಮ್ಮ ಶಾಲೆಯ ತಾರಸಿಯೂ ಆಗಿರಬಹುದು, ಮೊದಲು ಅದನ್ನು ನೋಡಿ. ಮಳೆನೀರು ಹೋಗಬೇಕಾದ್ದು ರಸ್ತೆ ಪಕ್ಕದ ಚರಂಡಿಗೆ ಅಥವಾ ಇಂಗುಗುಂಡಿಗೆ.

ಶಾಲೆಯ ಒಳಗೆ ಕಟ್ಟುವುದಕ್ಕೆ ಸಾಮಾನ್ಯವಾಗಿ ಮೂರು ಕಾರಣ. ಬಿಸಿಯೂಟ ಮುಗಿಸಿ ಮಕ್ಕಳು ತಟ್ಟೆ ತೊಳೆಯುವ ನೀರನ್ನು ಶೌಚಾಲಯದ ಲೈನಿಗೇ ಬಿಟ್ಟಿರುತ್ತಾರೆ. ಅನ್ನದ ಅಗುಳು, ಸಾರಿನ ಜಿಡ್ಡು ಚೇಂಬರಿನಲ್ಲಿ ಗಟ್ಟಿಯಾಗಿ ಕೂರುತ್ತದೆ. ಎರಡನೆಯದು ಸ್ಯಾನಿಟರಿ ಪ್ಯಾಡು. ಶೌಚಾಲಯದ ಒಳಗೇ ಮುಚ್ಚಳದ ಡಬ್ಬಿ ಇಡದಿದ್ದರೆ ಅದು ಕಮೋಡಿಗೇ ಹೋಗುತ್ತದೆ, ಮಕ್ಕಳನ್ನು ಬೈದು ಪ್ರಯೋಜನವಿಲ್ಲ. ಮೂರನೆಯದು ಇಳಿಜಾರು. 110 ಮಿ.ಮೀ. ಪೈಪಿಗೆ 60 ಅಡಿಗೆ ಒಂದು ಅಡಿಯಷ್ಟಾದರೂ ಇಳಿತ ಬೇಕು. ಮೇಸ್ತ್ರಿ ಕಣ್ಣಂದಾಜಿನಲ್ಲಿ ಹಾಕಿದ ಪೈಪು ಮಧ್ಯದಲ್ಲಿ ಜಗ್ಗಿದರೆ ಅಲ್ಲೇ ಹೂಳು ನಿಲ್ಲುತ್ತದೆ. ಎಷ್ಟು ಸಲ ಕಡ್ಡಿ ಹಾಕಿ ತೆಗೆದರೂ ಮತ್ತೆ ಅಲ್ಲೇ ಕಟ್ಟುತ್ತದೆ.

ತಟ್ಟೆ ತೊಳೆಯುವ ನೀರಿಗೆ ಬೇರೆ ಲೈನು ಎಳೆಸಿ, ಬಾಯಿಗೆ ಜಾಲರಿ ಕೂರಿಸಿ, ಒಂದೂವರೆ ಅಡಿ ಚೌಕದ ಸಣ್ಣ ತೊಟ್ಟಿಯಲ್ಲಿ ಜಿಡ್ಡು ನಿಲ್ಲುವಂತೆ ಮಾಡಿ ಕೈತೋಟಕ್ಕೆ ಬಿಡಿ. ಜಾಲರಿಯನ್ನು ದಿನಾ ಊಟ ಮುಗಿದ ತಕ್ಷಣ ತೊಳೆಯಬೇಕು, ಒಣಗಿದರೆ ಕೆರೆಯಬೇಕಾಗುತ್ತದೆ. ಈ ಕೆಲಸಕ್ಕೆ ಸಮಗ್ರ ಶಿಕ್ಷಣದ ಶಾಲಾ ಅನುದಾನ ಸಾಕು. 101ರಿಂದ 250 ಮಕ್ಕಳಿರುವ ಶಾಲೆಗೆ ಅದು ವರ್ಷಕ್ಕೆ 50,000 ರೂಪಾಯಿವರೆಗೆ ಇದೆ, ಅದರಲ್ಲಿ ಕನಿಷ್ಠ ಶೇ 10ರಷ್ಟನ್ನು ಸ್ವಚ್ಛತೆಗೇ ಖರ್ಚು ಮಾಡಬೇಕು.

ಹೊರಗೆ ಕಟ್ಟಿದ್ದರೆ ಅರ್ಜಿ ಪಾಲಿಕೆ ಆಯುಕ್ತರಿಗೆ, ಪ್ರತಿ ಬಿಇಒ ಅವರಿಗೆ. ‘ಸೂಕ್ತ ಕ್ರಮ ಕೈಗೊಳ್ಳಬೇಕಾಗಿ ವಿನಂತಿ’ ಎಂದು ಮುಗಿಸಿದ ಅರ್ಜಿ ಟಪಾಲಿನಲ್ಲೇ ಮಲಗುತ್ತದೆ. ಹೀಗೆ ಬರೆಯಿರಿ: ವಾರ್ಡ್ ಸಂಖ್ಯೆ, ಶಾಲೆಯ 11 ಅಂಕಿಯ ಯುಡೈಸ್ ಸಂಖ್ಯೆ (ಸರ್ಕಾರ ಪ್ರತಿ ಶಾಲೆಗೂ ಕೊಟ್ಟಿರುವ ಗುರುತಿನ ಸಂಖ್ಯೆ), ಯಾವ ರಸ್ತೆ, ಗೇಟಿನಿಂದ ಯಾವ ದಿಕ್ಕಿಗೆ ಎಷ್ಟು ಅಡಿಯಲ್ಲಿರುವ ಮ್ಯಾನ್‌ಹೋಲ್, ಒಳಗಿನ ಕೊನೆಯ ಚೇಂಬರ್ ತುಂಬಿರುವ ಫೋಟೊ, ಮತ್ತು ‘ಜೆಟ್ಟಿಂಗ್ ಯಂತ್ರ ಕಳಿಸಿ’ ಎಂಬ ಒಂದೇ ಬೇಡಿಕೆ (ನೀರಿನ ರಭಸದಿಂದ ಕಟ್ಟಿದ್ದನ್ನು ಬಿಡಿಸುವ ಯಂತ್ರ ಅದು). ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಯಂತ್ರ ಇಲ್ಲವೆಂದು ಯಾರಾದರೂ ಆಳನ್ನು ಇಳಿಸಲು ಬಂದರೆ ಮುಖ್ಯ ಶಿಕ್ಷಕರು ಒಪ್ಪಕೂಡದು. 2013ರ ಮಲಹೊರುವ ಪದ್ಧತಿ ನಿಷೇಧ ಕಾಯ್ದೆಯಂತೆ ಅದು ಅಪರಾಧ, ಜೀವಕ್ಕೂ ಅಪಾಯ.

ತೊಂದರೆ ಎರಡೂ ಕಡೆ ಇದ್ದರೆ ಜಂಟಿ ಪರಿಶೀಲನೆ ಕೇಳಿ. ಪಾಲಿಕೆಯ ಜೆಇ (ಕಿರಿಯ ಎಂಜಿನಿಯರ್), ಬಿಇಒ ಕಚೇರಿಯಿಂದ ಒಬ್ಬರು, ಮುಖ್ಯ ಶಿಕ್ಷಕರು, ನೀವು ಒಂದೇ ದಿನ ಸ್ಥಳದಲ್ಲಿ ಸೇರಿ, ಯಾವುದು ಯಾರ ಕೆಲಸ ಎಂದು ಒಂದೇ ಹಾಳೆಯಲ್ಲಿ ಬರೆದು ಎಲ್ಲರೂ ಸಹಿ ಹಾಕಬೇಕು. ಆಮೇಲೆ ಯಾವ ಕಚೇರಿಗೆ ಹೋದರೂ ಆ ಹಾಳೆಯನ್ನೇ ಮುಂದಿಡಿ.

ಪ್ರಶ್ನೆ: ನಗರಸಭೆ ನೀರು ಆರು ದಿನಕ್ಕೊಮ್ಮೆ ಬರುತ್ತದೆ. 180 ಮಕ್ಕಳಿದ್ದಾರೆ, ಇರುವುದು ಸಾವಿರ ಲೀಟರಿನ ಒಂದು ಸಿಂಟೆಕ್ಸ್. ನಗರಸಭೆಯವರನ್ನು ಏನೆಂದು ಕೇಳಲಿ?
— ಮುಖ್ಯ ಶಿಕ್ಷಕರು, ಕೋಲಾರ

ಉತ್ತರ: ‘ಹೆಚ್ಚು ನೀರು ಕೊಡಿ’ ಅಂತ ಕೇಳಬೇಡಿ ಮೇಷ್ಟ್ರೇ, ಸಂಪು ಕೇಳಿ. ತುಮಕೂರಿಗೆ ಬುಗುಡನಹಳ್ಳಿಯಲ್ಲಿ ಹೇಮಾವತಿ ನೀರಿದೆ, ಚಿಕ್ಕಬಳ್ಳಾಪುರಕ್ಕೆ ಜಕ್ಕಲಮಡಗು ಇದೆ. ಕೋಲಾರ ಬಹುಕಾಲ ಕೊಳವೆಬಾವಿಗಳನ್ನೇ ನಂಬಿದ ಊರು. ಸರದಿಯನ್ನು ಒಂದು ಶಾಲೆಗಾಗಿ ಬದಲಿಸುವುದು ನಗರಸಭೆ ಕೈಯಲ್ಲಿಲ್ಲ. ಬಂದ ದಿನ ತುಂಬಿಕೊಳ್ಳಲು ಜಾಗ ಮಾಡಿಕೊಡುವುದು ಕೈಯಲ್ಲಿದೆ.

ಕಟ್ಟಡ ಸಂಹಿತೆಯ ಪ್ರಕಾರ ಹಗಲು ಶಾಲೆಗೆ ಮಗುವಿಗೆ ದಿನಕ್ಕೆ 45 ಲೀಟರ್. ಅದು ಫ್ಲಶ್ ಶೌಚಾಲಯ, ಧಾರಾಳ ನೀರು ಇರುವ ಕಡೆಗೆ. ಚೊಂಬಿನಲ್ಲಿ ನೀರು ಹುಯ್ಯುವ ಶೌಚಾಲಯವಾದರೆ ಕುಡಿಯಲು, ಕೈ ತೊಳೆಯಲು, ಅಡುಗೆಗೆ ಸೇರಿ 10 ಲೀಟರಿನಲ್ಲಿ ಸಂಭಾಳಿಸಬಹುದು. 180 ಮಕ್ಕಳಿಗೆ ದಿನಕ್ಕೆ 1,800 ಲೀಟರ್, ಆರು ದಿನಕ್ಕೆ 10,800. ಎರಡೂವರೆ ಮೀಟರ್ ಉದ್ದ, ಅಷ್ಟೇ ಅಗಲ, ಎರಡು ಮೀಟರ್ ಆಳದ ಸಂಪು ಕಟ್ಟಿಸಿದರೆ 12,500 ಲೀಟರ್ ಹಿಡಿಯುತ್ತದೆ. ಮೇಲೆ ಎರಡು ಸಾವಿರ ಲೀಟರಿನ ಟ್ಯಾಂಕು, ಅರ್ಧ ಎಚ್‌ಪಿ ಮೋಟರು. ಮುಚ್ಚಳ ಬೀಗ ಹಾಕುವಂಥದ್ದೇ ಇರಲಿ. ಶಾಲೆಯಲ್ಲಿ ತೆರೆದ ಸಂಪು ಇರಲೇಬಾರದು. ಒಳಚರಂಡಿ ಚೇಂಬರಿನಿಂದ ಸಂಪು ಆದಷ್ಟು ದೂರ ಇರಲಿ, ತಗ್ಗಿನಲ್ಲಿ ಬೇಡ.

ಇನ್ನೊಂದು ತೊಡಕು: ನೀರು ಬಿಡುವುದು ರಾತ್ರಿಯೋ ಭಾನುವಾರವೋ ಆದರೆ ಶಾಲೆಗೆ ಬೀಗ. ಸಂಪಿಗೆ ಫ್ಲೋಟ್ ವಾಲ್ವ್ ಹಾಕಿಸಿದರೆ ನಲ್ಲಿ ತೆರೆದೇ ಇಡಬಹುದು, ತುಂಬಿದಾಗ ತಾನೇ ನಿಲ್ಲುತ್ತದೆ. ನೀರುಗಂಟಿಯ ಮೊಬೈಲ್ ಸಂಖ್ಯೆ ಅಡುಗೆಯವರ ಹತ್ತಿರ ಇದ್ದರೆ ಅರ್ಜಿಗಿಂತ ಬೇಗ ಕೆಲಸವಾಗುತ್ತದೆ.

ಟ್ಯಾಂಕರ್ ನೀರು ಅಥವಾ ಕೊಳವೆಬಾವಿ ನೀರಾದರೆ ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಬ್ಲೀಚಿಂಗ್ ಪೌಡರ್ ಲೆಕ್ಕ. ಬಕೆಟ್ಟಿನಲ್ಲಿ ಕಲಸಿ, ಗಷ್ಟು ತಳದಲ್ಲಿ ಕೂರಲು ಬಿಟ್ಟು, ಮೇಲಿನ ತಿಳಿಯನ್ನಷ್ಟೇ ಸಂಪಿಗೆ ಹಾಕಿ. ಒಂದು ಗಂಟೆ ಬಿಟ್ಟು ಬಳಸಿ. ಬಾಯಿ ತೆರೆದಿಟ್ಟ ಪೊಟ್ಟಣದ ಪೌಡರಿಗೆ ಬಲ ಇರುವುದಿಲ್ಲ, ಎಷ್ಟು ಹಾಕಿದರೂ ಸುಣ್ಣ ಹಾಕಿದ ಹಾಗೆ. ನಲ್ಲಿಯಲ್ಲಿ ಉಳಿಕೆ ಕ್ಲೋರಿನ್ ಲೀಟರಿಗೆ 0.2 ಮಿ.ಗ್ರಾಂ ಆದರೂ ಇರಬೇಕು. ನಗರಸಭೆ ನೀರು ಸರಬರಾಜು ವಿಭಾಗದಲ್ಲಿ ಪರೀಕ್ಷಿಸುವ ಸಣ್ಣ ಕಿಟ್ ಇರುತ್ತದೆ, ಶಾಲೆಗೆ ಬಂದು ನೋಡಿ ಹೋಗಲು ಕೇಳಿ.

ಕೋಲಾರದಲ್ಲಿ ಮರೆಯಬಾರದ್ದು ಫ್ಲೋರೈಡ್. ಲೀಟರಿಗೆ 1 ಮಿ.ಗ್ರಾಂ ಒಳಗಿದ್ದರೆ ಚೆನ್ನ, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ಆವಿ ಹೋದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಏರುತ್ತದೆ. ಹಾಗಾಗಿ ಅಡುಗೆಗೂ ಆರ್‌ಒ ನೀರೇ ಬೇಕು, ಕುಡಿಯಲು ಮಾತ್ರ ಎಂದರೆ ಸಾಲದು. ಆರ್‌ಒ ಘಟಕ ಹೊರಹಾಕುವ ನೀರನ್ನು ಶೌಚಾಲಯದ ತೊಟ್ಟಿಗೆ ತಿರುಗಿಸಿ. ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಕೆರೆಗೆ ಬರುವುದು ಬೆಂಗಳೂರಿನ ಸಂಸ್ಕರಿಸಿದ ಕೊಳಚೆನೀರು. ಅದು ಅಂತರ್ಜಲ ಮರುಪೂರಣಕ್ಕೆ ಮಾತ್ರ, ಆ ಕೆರೆಗಳಿಂದ ನೇರವಾಗಿ ತುಂಬಿದ ಟ್ಯಾಂಕರನ್ನು ಶಾಲೆಯ ಗೇಟಿನೊಳಗೆ ಬಿಡಬೇಡಿ.

ಪ್ರಶ್ನೆ: ಸರ್ಕಾರಿ ಶಾಲೆಗೆ ನಗರಸಭೆ ದುಡ್ಡು ಹಾಕಲು ಕಾನೂನು ಒಪ್ಪುತ್ತದೆಯೇ? ‘ಆಡಿಟ್‌ನಲ್ಲಿ ಆಕ್ಷೇಪಣೆ ಬರುತ್ತೆ’ ಎಂದು ನಮ್ಮಲ್ಲಿ ಕೈಬಿಟ್ಟರು.
— ವಾರ್ಡ್ ಸದಸ್ಯರೊಬ್ಬರು, ಚಿಕ್ಕಬಳ್ಳಾಪುರ

ಉತ್ತರ: ಒಪ್ಪುತ್ತದೆ. ಸಂವಿಧಾನದ 74ನೇ ತಿದ್ದುಪಡಿಯ ಹನ್ನೆರಡನೇ ಅನುಸೂಚಿಯಲ್ಲಿ ನಗರಾಡಳಿತಗಳಿಗೆ ವಹಿಸಬಹುದಾದ ಕೆಲಸಗಳ ಪಟ್ಟಿಯಲ್ಲಿ 13ನೆಯದು ಸಾಂಸ್ಕೃತಿಕ, ಶೈಕ್ಷಣಿಕ ಬೆಳವಣಿಗೆ. ಶಿಕ್ಷಣ ಹಕ್ಕು ಕಾಯ್ದೆಯ 9ನೇ ಕಲಂ ಕೂಡ ಸ್ಥಳೀಯ ಪ್ರಾಧಿಕಾರದ, ಅಂದರೆ ನಗರಸಭೆಯಂಥ ಸಂಸ್ಥೆಯ ಮೇಲೆ ಕರ್ತವ್ಯಗಳನ್ನು ಹೊರಿಸಿದೆ. ಆಡಿಟ್‌ನವರು ಹಿಡಿಯುವುದು ‘ಶಾಲೆಗೆ ಯಾಕೆ ಕೊಟ್ಟಿರಿ’ ಅಂತಲ್ಲ, ಯಾವ ಬಾಬ್ತಿನ ದುಡ್ಡನ್ನು ಯಾವುದಕ್ಕೆ ಹಾಕಿದಿರಿ ಎಂಬುದನ್ನು.

ಹಣಕಾಸು ಆಯೋಗದ ಅನುದಾನದಲ್ಲಿ ಒಂದು ಪಾಲು ನೀರು, ನೈರ್ಮಲ್ಯಕ್ಕೇ ಮೀಸಲು. 2021–26ರ ಅವಧಿಗೆ 15ನೇ ಆಯೋಗ ನಿಮ್ಮಂಥ ಊರುಗಳಿಗೆ ಅದನ್ನು ಶೇ 60 ಎಂದು ಕಟ್ಟಿಹಾಕಿತ್ತು. ಶಾಲೆಯ ಸಂಪು, ಶೌಚಾಲಯ ಈ ಬಾಬ್ತಿಗೆ ಒಗ್ಗುತ್ತವೆ, ಕೊಠಡಿಗೆ ಬಣ್ಣ ಒಗ್ಗುವುದಿಲ್ಲ. ನಗರಸಭೆಯ ಸ್ವಂತ ಆದಾಯದಲ್ಲಿ ಶೇ 24.10 ಪರಿಶಿಷ್ಟರಿಗೆ, ಶೇ 7.25 ಇತರ ಬಡವರಿಗೆ, ಶೇ 5 ಅಂಗವಿಕಲರಿಗೆ ಮೀಸಲು. ವಿದ್ಯಾರ್ಥಿಗಳ ಪ್ರೋತ್ಸಾಹಧನ, ಅಂಗವಿಕಲ ಮಕ್ಕಳ ಸಲಕರಣೆ ಇಲ್ಲಿಂದ ಬರಬಹುದು. ಈ ಹಣದಲ್ಲಿ ಇಡೀ ಶಾಲೆಗೆ ಕಾಂಪೌಂಡ್ ಕಟ್ಟಿಸಲು ಹೊರಟರೆ ಮಾತ್ರ ನೀವು ಹೇಳಿದ ಆಕ್ಷೇಪಣೆ ಬಂದೇ ಬರುತ್ತದೆ.

ಕಡತ ಓಡಾಡುವ ದಾರಿ ಹೀಗಿದೆ. ಎಸ್‌ಡಿಎಂಸಿ ತನ್ನ ಶಾಲಾಭಿವೃದ್ಧಿ ಯೋಜನೆಯಲ್ಲಿ ಆ ಕೆಲಸವನ್ನು ಸೇರಿಸಿ ನಿರ್ಣಯ ಮಾಡಬೇಕು. ಬಿಇಒ ಕಚೇರಿಯಿಂದ ನಿರಾಕ್ಷೇಪಣಾ ಪತ್ರ, ಅದರಲ್ಲೇ ‘ಈ ಕಾಮಗಾರಿಯನ್ನು ಬೇರೆ ಯಾವ ಯೋಜನೆಯಲ್ಲೂ ತೆಗೆದುಕೊಂಡಿಲ್ಲ’ ಎಂಬ ದೃಢೀಕರಣ. ಇದಿಲ್ಲದೆ ಹೋದರೆ ಒಂದೇ ಶೌಚಾಲಯಕ್ಕೆ ಎರಡು ಇಲಾಖೆಯಿಂದ ಬಿಲ್ ಆಗುವ ಅಪಾಯವಿದೆ. ನಂತರ ನಗರಸಭೆ ಎಂಜಿನಿಯರ್ ಅಂದಾಜುಪಟ್ಟಿ, ಸಾಮಾನ್ಯ ಸಭೆಯ ನಿರ್ಣಯ (ಚುನಾಯಿತ ಮಂಡಳಿ ಇಲ್ಲದ ಅವಧಿಯಲ್ಲಿ ಆಡಳಿತಾಧಿಕಾರಿಯ ಆದೇಶ), ಅನುದಾನದ ಹಣವಾದರೆ ಕ್ರಿಯಾ ಯೋಜನೆಗೆ ಮೇಲಿನ ಅನುಮೋದನೆ, ಟೆಂಡರ್.

ಎರಡು ಕಡೆ ಕಡತ ಸಿಕ್ಕಿಕೊಳ್ಳುತ್ತದೆ. ಒಂದು, ಜಾಗದ ಖಾತೆ. ಹಳೆಯ ಶಾಲೆಗಳಿಗೆ ಜಾಗ ಕೊಟ್ಟ ದಾನಿ ಬಾಯಿಮಾತಿನಲ್ಲಿ ಕೊಟ್ಟಿರುತ್ತಾರೆ, ದಾನಪತ್ರ ನೋಂದಣಿ ಆಗಿರುವುದಿಲ್ಲ. ಗೋಡೆ ಏಳುವ ಹೊತ್ತಿಗೆ ಅವರ ಮೊಮ್ಮಕ್ಕಳು ತಡೆಯಾಜ್ಞೆ ತರುತ್ತಾರೆ. ಹಾಗಾಗಿ ಮೊದಲು ಸರ್ವೆ ನಕ್ಷೆ, ಇ-ಆಸ್ತಿಯಲ್ಲಿ (ನಗರದ ಆಸ್ತಿಗಳ ಗಣಕೀಕೃತ ದಾಖಲೆಯಲ್ಲಿ) ಶಾಲೆಯ ಹೆಸರು. ಇದು ನಗರಸಭೆಯ ಕಂದಾಯ ಶಾಖೆಯಲ್ಲೇ ಆಗುವ ಕೆಲಸ, ಪೈಸೆ ಅನುದಾನ ಬೇಕಿಲ್ಲ. ಸದಸ್ಯರಾಗಿ ನೀವು ಶಾಲೆಗೆ ಮಾಡಬಹುದಾದ ದೊಡ್ಡ ಉಪಕಾರ ಇದೇ. ಇನ್ನೊಂದು, ಅರ್ಜಿ ಕೊಡುವ ಸಮಯ. ಬಜೆಟ್ ಸಭೆ ಮುಗಿದ ಮೇಲೆ ಏಪ್ರಿಲ್‌ನಲ್ಲಿ ಬಂದ ಅರ್ಜಿಗೆ ಒಂದು ವರ್ಷ ಕಾಯಬೇಕು. ಆಯವ್ಯಯದ ಪೂರ್ವಭಾವಿ ಸಭೆಗಳಿಗೂ ಮೊದಲು, ಡಿಸೆಂಬರ್ ಒಳಗೆ ಅರ್ಜಿ ಒಳಗಿರಲಿ.

ಕೆಲಸ ಮುಗಿದ ದಿನ ಹಸ್ತಾಂತರ ಪತ್ರ ಬರೆಸಿಕೊಳ್ಳಿ. ಮುಂದೆ ಮೋಟರು ಸುಟ್ಟರೆ ಯಾರು ರಿಪೇರಿ ಮಾಡಿಸಬೇಕು ಎಂಬ ಸಾಲು ಅದರಲ್ಲಿರಬೇಕು.

ಪ್ರಶ್ನೆ: ಶಾಲೆ ಮುಂದೆ ಹಂಪ್ ಹಾಕಿಸಲು ಯಾರನ್ನು ಕೇಳಬೇಕು?
— ಆಟೊ ಚಾಲಕ, ತುಮಕೂರು

ಉತ್ತರ: ರಸ್ತೆ ಯಾರದ್ದೋ ಅವರನ್ನು. ಬಡಾವಣೆ ರಸ್ತೆಯಾದರೆ ಪಾಲಿಕೆ, ರಾಜ್ಯ ಹೆದ್ದಾರಿಯಾದರೆ ಲೋಕೋಪಯೋಗಿ ಇಲಾಖೆ. ಅರ್ಜಿಯ ಪ್ರತಿ ಸಂಚಾರ ಪೊಲೀಸರಿಗೆ. ಹಂಪ್ 3.7 ಮೀಟರ್ ಅಗಲ, ನಡುವೆ 10 ಸೆಂ.ಮೀ. ಎತ್ತರ ಇದ್ದರೆ ಗಾಡಿ 25 ಕಿ.ಮೀ. ವೇಗದಲ್ಲಿ ಸಲೀಸಾಗಿ ದಾಟುತ್ತದೆ. ಊರವರೇ ರಾತ್ರೋರಾತ್ರಿ ಸಿಮೆಂಟಿನಲ್ಲಿ ಎಬ್ಬಿಸುವ ದಿಮ್ಮಿ ಬೈಕಿನವರನ್ನು ಬೀಳಿಸುತ್ತದೆ. 40 ಮೀಟರ್ ಮುಂಚೆ ಎಚ್ಚರಿಕೆ ಫಲಕ, ಹಂಪ್ ಮೇಲೆ ಬಿಳಿ ಪಟ್ಟಿ ಎರಡನ್ನೂ ಅದೇ ಅರ್ಜಿಯಲ್ಲಿ ಕೇಳಿ, ಇಲ್ಲವಾದರೆ ಹಂಪ್ ಒಂದೇ ಬರುತ್ತದೆ.

ಪ್ರಶ್ನೆ: ಮನೆ ಕಂದಾಯದ ಜತೆ ಕಟ್ಟುವ ಕರಗಳಲ್ಲಿ ಶಾಲೆಗೆ ಎಷ್ಟು ಹೋಗುತ್ತದೆ?
— ಗೃಹಿಣಿ, ಕೋಲಾರ

ಉತ್ತರ: ಆರೋಗ್ಯ ಕರ ಶೇ 15, ಗ್ರಂಥಾಲಯ ಕರ ಶೇ 6, ಭಿಕ್ಷುಕರ ಕರ ಶೇ 3. ಶಾಲೆಗೆಂದೇ ಇರುವ ಕರ ಇವುಗಳಲ್ಲಿಲ್ಲ. ಗ್ರಂಥಾಲಯ ಕರ ಸಾರ್ವಜನಿಕ ಗ್ರಂಥಾಲಯಗಳಿಗೆ ಸೇರುವಂಥದ್ದು, ಶಾಲೆಯ ಲೈಬ್ರರಿಗಲ್ಲ.

ಪ್ರಶ್ನೆ: ಕಟ್ಟಡ ಕೆಲಸಕ್ಕೆ ಬಂದ ಕುಟುಂಬಗಳು ನಮ್ಮ ವಾರ್ಡಿನಲ್ಲಿ ಶೆಡ್ ಹಾಕಿಕೊಂಡಿವೆ. ಮಕ್ಕಳು ಶಾಲೆಗೆ ಹೋಗುತ್ತಿಲ್ಲ. ಆಧಾರ್ ಇಲ್ಲ, ಟಿಸಿ ಇಲ್ಲ, ಈಗ ದಾಖಲಾತಿ ಮುಗಿದಿದೆ ಎಂದರು.
— ಅಂಗನವಾಡಿ ಕಾರ್ಯಕರ್ತೆ, ಚಿಕ್ಕಬಳ್ಳಾಪುರ

ಉತ್ತರ: ಮೂರೂ ಕಾರಣ ನಿಲ್ಲುವುದಿಲ್ಲಮ್ಮ. ಶಿಕ್ಷಣ ಹಕ್ಕು ಕಾಯ್ದೆಯ 5ನೇ ಕಲಂ ಟಿಸಿ ತಡವಾಯಿತೆಂದು ಸೇರಿಸಿಕೊಳ್ಳದೆ ಇರುವಂತಿಲ್ಲ ಎನ್ನುತ್ತದೆ. 14ನೇ ಕಲಂ ವಯಸ್ಸಿನ ದಾಖಲೆ ಇಲ್ಲವೆಂದು ನಿರಾಕರಿಸುವಂತಿಲ್ಲ ಎನ್ನುತ್ತದೆ. 15ನೇ ಕಲಂ ಅವಧಿ ಮುಗಿದ ಮೇಲೂ ಸೇರಿಸಿಕೊಳ್ಳಬೇಕು ಎನ್ನುತ್ತದೆ. ವಲಸೆ ಕುಟುಂಬದ ಮಕ್ಕಳ ದಾಖಲಾತಿ ನೋಡಿಕೊಳ್ಳುವುದು, 14 ವರ್ಷದೊಳಗಿನ ಮಕ್ಕಳ ಪಟ್ಟಿ ಇಡುವುದು 9ನೇ ಕಲಮಿನಂತೆ ಸ್ಥಳೀಯ ಪ್ರಾಧಿಕಾರದ ಕೆಲಸ.

ಪಟ್ಟಿಯನ್ನು ಕಚೇರಿಯಲ್ಲಿ ಕೂತು ಮಾಡಲಾಗದು. ಯಾವ ಶೆಡ್ಡಿನಲ್ಲಿ ಎಷ್ಟು ಮಕ್ಕಳಿದ್ದಾರೆಂದು ಸರಿಯಾಗಿ ಬಲ್ಲವರು ಬೆಳಿಗ್ಗೆ ಕಸದ ಆಟೊ ತರುವ ಪೌರಕಾರ್ಮಿಕರು, ಮತ್ತೆ ನೀವು. ನಗರಸಭೆಯ ಆರೋಗ್ಯ ನಿರೀಕ್ಷಕರನ್ನು ಕೇಳಿ ಅವರಿಂದ ಜಾಗಗಳನ್ನು ಗುರುತು ಹಾಕಿಸಿ, ಪಟ್ಟಿಯನ್ನು ನಿಮ್ಮ ಕ್ಲಸ್ಟರಿನ (ಅಕ್ಕಪಕ್ಕದ ಶಾಲೆಗಳ ಗುಂಪಿನ) ಸಂಪನ್ಮೂಲ ವ್ಯಕ್ತಿ, ಅಂದರೆ ಸಿಆರ್‌ಪಿಗೆ ಕೊಡಿ. ಹೆಸರು, ಅಂದಾಜು ವಯಸ್ಸು, ಮನೆಮಾತು, ಮೇಸ್ತ್ರಿಯ ಫೋನ್ ಸಂಖ್ಯೆ, ಕೆಲಸ ಎಷ್ಟು ತಿಂಗಳು ನಡೆಯುತ್ತದೆ ಎಂಬಿಷ್ಟು ಸಾಕು. ಮನೆಮಾತು ಬರೆಯುವುದನ್ನು ಬಿಡಬೇಡಿ. ತೆಲುಗಿನ ಮಗುವಿಗೆ ನಿಮ್ಮ ಜಿಲ್ಲೆಯ ಶಾಲೆಯಲ್ಲಿ ಮಾತಾಡುವವರು ಸಿಗುತ್ತಾರೆ, ಒಡಿಯಾ ಮಗುವಿಗೆ ಬೇರೆ ಏರ್ಪಾಡು ಬೇಕಾಗುತ್ತದೆ. ಶೆಡ್ಡಿನಿಂದ ಶಾಲೆ ದೂರವಾದರೆ ಟೆಂಟ್ ಶಾಲೆ (ವಲಸೆ ಮಕ್ಕಳಿಗೆ ಅವರಿರುವಲ್ಲೇ ನಡೆಸುವ ತಾತ್ಕಾಲಿಕ ಶಾಲೆ) ಕೇಳಬಹುದು, ಅದಕ್ಕೂ ಈ ಪಟ್ಟಿಯೇ ಆಧಾರ.

ಮತ್ತೆ ನಿರಾಕರಿಸಿದರೆ ಲಿಖಿತ ದೂರು ಕೊಡಿ. 32ನೇ ಕಲಮಿನ ಪ್ರಕಾರ ಮೂರು ತಿಂಗಳೊಳಗೆ ತೀರ್ಮಾನ ಆಗಬೇಕು. ಕಟ್ಟಡ ಅಷ್ಟರಲ್ಲಿ ಮುಗಿದು ಕುಟುಂಬ ಬೇರೆ ಊರಿಗೆ ಹೋಗಿರಬಹುದು, ಆದ್ದರಿಂದ ದೂರಿನ ದಿನವೇ ಬಿಇಒ ಅವರಿಗೆ ಫೋನ್ ಮಾಡಿ, ಮಕ್ಕಳನ್ನು ತಾತ್ಕಾಲಿಕವಾಗಿ ತರಗತಿಯಲ್ಲಿ ಕೂರಿಸಲು ಮುಖ್ಯ ಶಿಕ್ಷಕರಿಗೆ ಹೇಳಿಸಿ.